ಅಲಗಿಗೆ ಮರುಳಾಗುವ ಮುನ್ನ ಹಿಡಿ ಹಿಡಿದು ನೋಡಿ

ಕೆಲವು ವರ್ಷಗಳ ಹಿಂದೆ ಆನ್‌ಲೈನಲ್ಲಿ ಒಂದು ಚಾಕು ತರಿಸಿದ್ದೆ. ಕಪ್ಪು ಅಲಗು, ಬೆನ್ನಿನ ಮೇಲೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ. ತಿರುಪು ಬಿಚ್ಚಿದರೆ ಒಳಗೆ ಬೆಂಕಿಕಡ್ಡಿ, ಗಾಳ, ದಾರ. ಅರ್ಧ ಸಂಸಾರವೇ ಅದರೊಳಗಿತ್ತು. ತೀರ್ಥಹಳ್ಳಿ ಕಡೆಯ ನೆಂಟರ ತೋಟಕ್ಕೆ ಹೋದಾಗ, ಜುಲೈ ಮಳೆಯಲ್ಲಿ, ಬಚ್ಚಲೊಲೆಗೆ ಸೌದೆ ಸೀಳುತ್ತೇನೆಂದು ಅದನ್ನೇ ಹೊರತೆಗೆದೆ. ಹತ್ತು ನಿಮಿಷಕ್ಕೆ ಅಂಗೈಯಲ್ಲಿ ಬೊಬ್ಬೆ. ಇನ್ನೈದು ನಿಮಿಷಕ್ಕೆ ಹಿಡಿ ನನ್ನ ಕೈಯಲ್ಲಿ, ಅಲಗು ಸೌದೆಯಲ್ಲಿ.

ತೋಟದ ಕೆಲಸದ ಹಿರಿಯರೊಬ್ಬರು ಜಗಲಿಯಲ್ಲಿ ಕೂತು ನೋಡುತ್ತಿದ್ದರು. ನಗಲಿಲ್ಲ, ಅದೇ ಉಪಕಾರ. “ಎಂತ ಮಾರಾಯ್ರೆ, ಬಾಯಿ ನೋಡಿ ತಗೊಂಡ್ರಿ, ಹಿಡಿ ನೋಡ್ಲೇ ಇಲ್ಲ” ಎಂದು ತಮ್ಮ ಕತ್ತಿಯನ್ನು ತಂದರು. ಕೈಗೆ ಕೊಡಲಿಲ್ಲ, ಕೊರಡಿಗೆ ಕಚ್ಚಿಸಿ ಪಕ್ಕಕ್ಕೆ ಸರಿದರು. ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿತ್ತು. ಉಳಿದ ಸೌದೆ ಅದರಲ್ಲೇ ಮುಗಿಯಿತು, ಬೊಬ್ಬೆ ಒಡೆಯಲಿಲ್ಲ.

ಕಾಡು, ತೋಟ, ಕ್ಯಾಂಪಿಂಗ್ ಎಂದು ಚಾಕು ಕೊಳ್ಳಲು ಹೊರಟವರು ಉಕ್ಕಿನ ಹೆಸರು, ಅಲಗಿನ ಉದ್ದ, ಬಣ್ಣ ಎಲ್ಲ ವಿಚಾರಿಸುತ್ತಾರೆ. ಹಿಡಿಯ ಮಾತು ಕೊನೆಗೂ ಬರುವುದಿಲ್ಲ. ಆದರೆ ಅಲಗು ಮೊಂಡಾಗುವ ಎಷ್ಟೋ ಮೊದಲು ಸೋಲುವುದು ಕೈ. ಹಿಡಿ ಸರಿ ಕೂರದಿದ್ದರೆ ನಮಗೇ ಗೊತ್ತಿಲ್ಲದೆ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತೇವೆ, ಬಿಗಿ ಹಿಡಿದಷ್ಟೂ ಮುಂಗೈ ಬೇಗ ದಣಿಯುತ್ತದೆ, ದಣಿದ ಕೈ ಜಾರುತ್ತದೆ. ಮಳೆ, ಚಳಿ ಸೇರಿದರೆ ಕೇಳುವುದೇ ಬೇಡ.

ಮೊದಲು ಕೆಲಸ ಯಾವುದೆಂದು ಗೊತ್ತುಮಾಡಿಕೊಳ್ಳಿ

“ಎಲ್ಲಕ್ಕೂ ಆಗುವ ಒಂದು ಚಾಕು” ಎಂದು ಹುಡುಕಿದರೆ ಯಾವುದಕ್ಕೂ ಸರಿಯಾಗದ ಒಂದು ಸಿಗುತ್ತದೆ. ಹಗ್ಗ ಕೊಯ್ಯುವುದು, ತರಕಾರಿ ಹೆಚ್ಚುವುದು, ಪ್ಯಾಕೆಟ್ ಬಿಚ್ಚುವುದು ಇಷ್ಟೇ ಆದರೆ ಮಡಚುವ ಚಾಕು ಸಾಕು. ಟೆಂಟಿಗೆ ಗೂಟ ಕೆತ್ತುವುದು, ಒದ್ದೆ ಕಟ್ಟಿಗೆಯ ಒಳಗಿನ ಒಣ ಭಾಗ ಬಿಡಿಸಿ ಬೆಂಕಿಗೆ ಸಿಬಿರು ಹೆರೆಯುವುದು ಇದ್ದರೆ ಮಡಚದ, ನಾಲ್ಕು ಇಂಚು ಆಸುಪಾಸಿನ ಅಲಗಿನ ಚಾಕು ಬೇಕು. ಪೊದೆ ಸವರುವುದಕ್ಕೆ, ಕೊಂಬೆ ಕಡಿಯುವುದಕ್ಕೆ ಚಾಕು ಅಲ್ಲ, ಕತ್ತಿ. ಬಯಲುಸೀಮೆಯವರ ಮಚ್ಚು, ಮಲೆನಾಡಿನವರ ಕತ್ತಿ, ನೇಪಾಳದ ಖುಕುರಿ ಇವೆಲ್ಲ ಬೀಸಿ ಕಡಿಯುವ ಜಾತಿ. ಇವುಗಳ ಹಿಡಿಯ ಲೆಕ್ಕವೇ ಬೇರೆ.

ನನ್ನನ್ನು ಕೇಳಿದರೆ, ದೊಡ್ಡದೊಂದು ಚಾಕುವಿಗೆ ಕೊಡುವ ದುಡ್ಡಿನಲ್ಲಿ ಸಣ್ಣದೊಂದು ಚಾಕುವನ್ನೂ ಕುಲುಮೆಯಲ್ಲಿ ಮಾಡಿಸಿದ ಕತ್ತಿಯನ್ನೂ ತರುವುದು ಜಾಣತನ.

ಹಿಡಿಯೊಳಗೆ ಏನಿದೆ?

ಅಲಗಿನ ಲೋಹ ಹಿಡಿಯೊಳಗೂ ಮುಂದುವರಿಯುತ್ತದೆ. ಈ ಬಾಲವನ್ನು ಅಂಗಡಿಯವರು ಟ್ಯಾಂಗ್ ಎನ್ನುತ್ತಾರೆ. ಅದು ಹಿಡಿಯಷ್ಟೇ ಅಗಲವಾಗಿ ತುದಿಯವರೆಗೂ ಹೋಗಿ, ಎರಡೂ ಪಕ್ಕದಲ್ಲಿ ಮರದ ಅಥವಾ ಫೈಬರಿನ ಹಲಗೆ ಕೂರಿಸಿ ಮೊಳೆ ಹೊಡೆದಿದ್ದರೆ ಫುಲ್ ಟ್ಯಾಂಗ್. ಬೆನ್ನಿಗೆ ಕಟ್ಟಿಗೆಯಿಂದ ಬಡಿದು ಸೌದೆ ಸೀಳುವ ಅಂದಾಜಿದ್ದರೆ ಇದನ್ನೇ ಕೊಳ್ಳಿ. ಟೊಳ್ಳು ಹಿಡಿಯ ಸಿನಿಮಾ ಚಾಕುಗಳಲ್ಲಿ ಈ ಬಾಲ ಗೇಣುದ್ದವಿರಲಿ, ಬೆರಳುದ್ದವೂ ಇರುವುದಿಲ್ಲ. ನನ್ನದು ಮುರಿದದ್ದು ಸರಿಯಾಗಿ ಅಲ್ಲೇ.

ಆದರೆ ಬಾಲ ಸಣ್ಣದಿದ್ದ ಮಾತ್ರಕ್ಕೆ ಕೆಟ್ಟದ್ದೆಂದಲ್ಲ. ಸ್ವೀಡನ್ನಿನ ಮೋರಾ ಊರಿನ ಚಾಕುಗಳಲ್ಲಿ ಹೆಚ್ಚಿನವು ಅರ್ಧ ಬಾಲದವೇ. ಕೆತ್ತುವ ಕೆಲಸಕ್ಕೆ ಅವು ವರ್ಷಗಟ್ಟಲೆ ಬರುತ್ತವೆ. ನಮ್ಮ ಕತ್ತಿಗಳಲ್ಲೂ ಮೊನಚಾದ ಬಾಲವನ್ನು ಕಾಯಿಸಿ ಮರದ ಹಿಡಿಯೊಳಗೆ ಇಳಿಸುತ್ತಾರೆ, ಹಿಡಿ ಸೀಳದ ಹಾಗೆ ಅದರ ಬಾಯಿಗೆ ಕಬ್ಬಿಣದ ಬಳೆ ತೊಡಿಸುತ್ತಾರೆ. ಬಳೆ ಅಲ್ಲಾಡಿದರೆ ಆ ಕತ್ತಿ ಬೀಸಬೇಡಿ. ಬೀಸಿದಾಗ ಕಳಚಿಕೊಂಡ ಅಲಗು ಎತ್ತ ಹೋಗುತ್ತದೆಂದು ಹೇಳಲು ಬರುವುದಿಲ್ಲ.

ದಪ್ಪ, ಉದ್ದ, ಆಕಾರ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಚಾಕುವನ್ನು ಸುತ್ತಿಗೆ ಹಿಡಿದಂತೆ ಮುಷ್ಟಿಯಲ್ಲಿ ಹಿಡಿಯಿರಿ. ನಡುಬೆರಳ ತುದಿ ಹೆಬ್ಬೆರಳಿನ ಬುಡದ ಮಾಂಸಖಂಡವನ್ನು ಮುಟ್ಟಿಯೂ ಮುಟ್ಟದಂತೆ ಇರಬೇಕು. ಬೆರಳ ತುದಿ ಅಂಗೈಯೊಳಗೆ ಒತ್ತುತ್ತಿದ್ದರೆ ಹಿಡಿ ತೆಳ್ಳಗಾಯಿತು. ಅದು ಕೈಯೊಳಗೆ ತಿರುಗುತ್ತದೆ. ಎರಡರ ನಡುವೆ ಬೆರಳಗಲ ಜಾಗ ಉಳಿದರೆ ದಪ್ಪವಾಯಿತು. ಮುಷ್ಟಿ ಪೂರ್ತಿ ಮುಚ್ಚದೆ ಬೇಗ ಸೋಲುತ್ತದೆ. ಮುಷ್ಟಿ ಕಟ್ಟಿ ಹಿಡಿಯುವ ಕೈಸಾಧನಗಳಿಗೆ ಸಾಮಾನ್ಯವಾಗಿ 30ರಿಂದ 50 ಮಿಲಿಮೀಟರ್ ವ್ಯಾಸ, ಕನಿಷ್ಠ 100 ಮಿಲಿಮೀಟರ್ ಉದ್ದ ಎಂಬ ಲೆಕ್ಕವಿದೆ. ಚಾಕುವಿನ ಹಿಡಿ ದುಂಡಗಿರದೆ ಚಪ್ಪಟೆಯಾಗಿರುವುದರಿಂದ ವ್ಯಾಸದ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಉದ್ದದ ಲೆಕ್ಕ ಮಾತ್ರ ಗಟ್ಟಿ: ನಾಲ್ಕೂ ಬೆರಳು ಕೂತ ಮೇಲೆ ಹಿಂದೆ ಒಂದಿಷ್ಟು ಹಿಡಿ ಉಳಿಯಬೇಕು. ಗಿಡ್ಡ ಹಿಡಿಯ ತುದಿ ಅಂಗೈಯ ನಡುವೆ ಒತ್ತಿಕೊಂಡರೆ ಸಂಜೆಗೆ ಅಲ್ಲೇ ನೋವು. ಉಣ್ಣೆಯ ಕೈಗವಸು ತೊಟ್ಟು ಹಿಮಾಲಯದ ಕಡೆ ಹೋಗುವವರು ಗವಸು ಹಾಕಿಕೊಂಡೇ ಅಳೆಯಿರಿ.

ಹೆಂಗಸರ ಕೈಗೆ, ಹರೆಯದ ಮಕ್ಕಳ ಕೈಗೆ ಅಂಗಡಿಯ ಹಲವು ಹಿಡಿಗಳು ದಪ್ಪವೇ. “ಎಲ್ಲರೂ ಇದನ್ನೇ ಒಯ್ಯುತ್ತಾರೆ” ಎಂಬ ಮಾತಿಗೆ ಸೊಪ್ಪು ಹಾಕಬೇಡಿ. ಕೈ ನಿಮ್ಮದು.

ಆಕಾರಕ್ಕೆ ಬಂದರೆ, ಕೋಳಿಮೊಟ್ಟೆಯಂತೆ ಒಂದು ಕಡೆ ಸ್ವಲ್ಪ ಕಿರಿದಾದ ಹಿಡಿ ಒಳ್ಳೆಯದು. ಕತ್ತಲಲ್ಲಿ ಹಿಡಿದರೂ ಬಾಯಿ ಯಾವ ಕಡೆ, ಬೆನ್ನು ಯಾವ ಕಡೆ ಎಂದು ಅಂಗೈಗೇ ತಿಳಿಯುತ್ತದೆ. ಪೂರಾ ದುಂಡಗಿನ ಹಿಡಿಗೆ ಈ ಗುಣವಿಲ್ಲ. ನಡುವೆ ಕೊಂಚ ಉಬ್ಬಿದ ಹಿಡಿ ಅಂಗೈಯ ಗುಳಿಯನ್ನು ತುಂಬುತ್ತದೆ. ಹಿಂದಿನ ತುದಿ ಅಗಲವಾಗಿದ್ದರೆ ಬೀಸುವಾಗ ಕೈ ಜಾರದು. ಖುಕುರಿಯ ಹಿಡಿಯ ಹಿಂಬದಿ ಹರಡಿಕೊಂಡಿರುವುದು ಅಂದಕ್ಕಲ್ಲ. ಮುಂದೆ, ಅಲಗು ಶುರುವಾಗುವಲ್ಲಿ, ತೋರುಬೆರಳನ್ನು ತಡೆಯುವ ಸಣ್ಣ ಉಬ್ಬು ಬೇಕೇ ಬೇಕು. ಮೊನೆಯಿಂದ ಚುಚ್ಚುವಾಗ ಕೈ ಮುಂದೆ ಜಾರಿ ಬೆರಳು ಕೊಯ್ದುಕೊಳ್ಳುವುದು ಈ ತಡೆ ಇಲ್ಲದಿದ್ದರೆ.

ಬೆರಳಿಗೊಂದು ಗುಳಿ ಕೊರೆದ ಹಿಡಿಗಳು ನೋಡಲು ಚೆಂದ. ಆದರೆ ಆ ಗುಳಿ ಯಾರದೋ ಬೆರಳಿನ ಅಳತೆಯದು. ನಿಮ್ಮ ಬೆರಳು ಅಗಲವಿದ್ದರೆ ಗುಳಿಗಳ ನಡುವಿನ ದಿಣ್ಣೆ ಬೆರಳ ಎಲುಬಿನ ಮೇಲೇ ಕೂರುತ್ತದೆ. ಮೇಲಾಗಿ, ಕೆತ್ತುವಾಗ ಹಿಡಿತವನ್ನು ಹಿಂದೆ ಮುಂದೆ, ಅಡ್ಡ ಉದ್ದ ಬದಲಿಸುತ್ತಲೇ ಇರಬೇಕಾಗುತ್ತದೆ. ಗುಳಿಯ ಹಿಡಿ ಒಂದೇ ಹಿಡಿತಕ್ಕೆ ಒಪ್ಪುತ್ತದೆ.

ಮರವೋ, ರಬ್ಬರೋ?

ಮರದ ಹಿಡಿ ಚಳಿಯಲ್ಲಿ ತಣ್ಣಗೆ ಕೊರೆಯುವುದಿಲ್ಲ, ಬೆವರನ್ನೂ ತಕ್ಕಮಟ್ಟಿಗೆ ಸಹಿಸುತ್ತದೆ, ಬೇಕಾದಂತೆ ಉಜ್ಜಿಕೊಳ್ಳಬಹುದು. ತೊಂದರೆ ಒಂದೇ, ನೀರು ಕುಡಿದು ಉಬ್ಬುತ್ತದೆ. 1890ರಲ್ಲಿ ಫ್ರಾನ್ಸಿನ ಸವೋಯಿ ಪ್ರಾಂತ್ಯದಲ್ಲಿ ಹುಟ್ಟಿದ ಒಪಿನೆಲ್ ಮಡಚು ಚಾಕು ಅಗ್ಗ, ಹಗುರ, ಹಿಡಿ ಅಂಗೈಗೆ ಅಚ್ಚುಕಟ್ಟು. ಆದರೆ ಮಳೆಯಲ್ಲಿ ನೆಂದರೆ ಬೀಚ್ ಮರದ ಹಿಡಿ ಉಬ್ಬಿ ಅಲಗು ಬಿಚ್ಚಲು ಹರಸಾಹಸ. ಆಗುಂಬೆಯ ಮಳೆಗಾಲಕ್ಕೆ ಅದನ್ನು ನಾನು ಒಯ್ಯುವುದಿಲ್ಲ.

ಸದಾ ನೀರಿನ ಒಡನಾಟವಿದ್ದರೆ ಮೆತ್ತಗಿನ ರಬ್ಬರ್ ಹೊದಿಕೆಯ ಪ್ಲಾಸ್ಟಿಕ್ ಹಿಡಿಯೇ ಮೇಲು. ಒದ್ದೆ ಕೈಗೂ ಹಿಡಿತ ಸಿಗುತ್ತದೆ. ಮೈಕಾರ್ಟಾ ಎಂಬುದು ಬಟ್ಟೆಯ ಪದರಗಳನ್ನು ರಾಳದಲ್ಲಿ ಅದ್ದಿ ಒತ್ತಿದ ಹಲಗೆ. ಒರಟಾಗಿ ಬಿಟ್ಟರೆ ಒದ್ದೆಯಲ್ಲೂ ಜಾರದು, ಬೆಲೆ ಮಾತ್ರ ಹೆಚ್ಚು. ಗಾಜಿನ ನೂಲಿನ ಬಟ್ಟೆಯಿಂದ ಹಾಗೆಯೇ ಮಾಡಿದ ಜಿ-10 ಇನ್ನೂ ಗಟ್ಟಿ, ಆದರೆ ತೀರಾ ಒರಟು ಮಾದರಿಗಳು ಅಂಗೈಗೆ ಅರ ಉಜ್ಜಿದಂತೆ. ಪೂರ್ತಿ ಉಕ್ಕಿನ ಹಿಡಿಯಂತೂ ಬೇಡ. ಬಿಸಿಲಲ್ಲಿ ಸುಡುತ್ತದೆ, ಚಳಿಯಲ್ಲಿ ಕೊರೆಯುತ್ತದೆ, ಒದ್ದೆಯಾದರೆ ಮೀನು ಹಿಡಿದಂತೆ. ತೆಳ್ಳಗಿನ ಬರೀ ಅಲಗಿಗೆ ನೈಲಾನ್ ಹಗ್ಗ ಸುತ್ತಿದ ಚಾಕುಗಳೂ ಬರುತ್ತವೆ. ಹಗ್ಗ ನೀರು, ಕೊಳೆ, ಮೀನಿನ ವಾಸನೆ ಎಲ್ಲವನ್ನೂ ಕುಡಿದು ಕೂರುತ್ತದೆ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ

ಒರೆಯಲ್ಲಿ ಇಟ್ಟುಕೊಂಡೇ ಚಾಕು ಹಿಡಿದು ಕಣ್ಣು ಮುಚ್ಚಿ. ಬಾಯಿಯ ದಿಕ್ಕು ಗೊತ್ತಾಗುತ್ತದೆಯೇ? ಆಮೇಲೆ ಐದೆಣಿಸುವವರೆಗೆ ಗಟ್ಟಿಯಾಗಿ ಹಿಂಡಿ, ಕೈ ಬಿಡಿಸಿ ಅಂಗೈ ನೋಡಿ. ಎಲ್ಲಾದರೂ ಗೆರೆಯಂತೆ, ಚುಕ್ಕೆಯಂತೆ ಕೆಂಪಾಗಿದ್ದರೆ ಬೊಬ್ಬೆ ಏಳುವುದು ಅಲ್ಲೇ. ಸಾಮಾನ್ಯವಾಗಿ ಹಲಗೆಯ ಅಂಚು, ಮೊಳೆಯ ತಲೆ, ಇಲ್ಲವೇ ಮರಕ್ಕಿಂತ ಕೂದಲೆಳೆಯಷ್ಟು ಹೊರಬಂದ ಉಕ್ಕಿನ ಬಾಲ ಕಾರಣ. ಉಗುರು ಎಳೆದು ನೋಡಿ, ತಡೆಯಬಾರದು.

ಇನ್ನು ಹಿಡಿತ ಬದಲಿಸಿ. ಹೆಬ್ಬೆರಳನ್ನು ಬೆನ್ನಿನ ಮೇಲಿಟ್ಟು, ಬಾಯಿಯನ್ನು ಆಚೆ ತಿರುಗಿಸಿ, ಪೆನ್ಸಿಲ್ ಹೆರೆಯುವಂತೆ. ಮೂರರಲ್ಲೂ ಹಿಡಿ ಒಪ್ಪಿದರೆ ಒಳ್ಳೆಯ ಲಕ್ಷಣ. ಅಂಗಡಿಯವರು ಒಪ್ಪಿದರೆ ಕೈಗೆ ನೀರು ಹಚ್ಚಿಕೊಂಡು ಒಮ್ಮೆ ಹಿಡಿಯಿರಿ. ಮುಖ ಸಿಂಡರಿಸಿದರೂ ಪರವಾಗಿಲ್ಲ, ಬಟ್ಟೆಯಿಂದ ಒರೆಸಿ ಕೊಡಿ. ತೂಕ ನೋಡಲು ಹಿಡಿ ಮತ್ತು ಅಲಗು ಸೇರುವಲ್ಲಿ ತೋರುಬೆರಳ ಮೇಲೆ ನಿಲ್ಲಿಸಿ. ಸಣ್ಣ ಚಾಕು ಅಲ್ಲೇ ತೂಗಿ ನಿಂತರೆ ಕೈಗೆ ಹಗುರ. ಕತ್ತಿಗೆ ಮಾತ್ರ ಮುಂದಿನ ಭಾರವೇ ಬೇಕು, ಕಡಿಯುವುದು ಆ ಭಾರವೇ.

ಆನ್‌ಲೈನಲ್ಲಿ ತರಿಸಿದರೆ ಇದೆಲ್ಲ ಮನೆಯಲ್ಲಿ ಮಾಡಿ, ವಾಪಸಾತಿಯ ಗಡುವಿನೊಳಗೆ.

ಅಲಗಿನ ವಿಚಾರ, ಚುಟುಕಾಗಿ

ಕಾರ್ಬನ್ ಉಕ್ಕು ಸುಲಭವಾಗಿ ಮಸೆಯಬಹುದು, ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಉಕ್ಕು ತುಕ್ಕಿಗೆ ಸುಲಭಕ್ಕೆ ಬಗ್ಗದು. ಕರಾವಳಿಯವರಿಗೆ, ಮರೆಗುಳಿಗಳಿಗೆ ಇದೇ ಸರಿ. ಚಾಕುವಿಗೆ ಎರಡೂವರೆಯಿಂದ ನಾಲ್ಕು ಮಿಲಿಮೀಟರ್ ದಪ್ಪ ಸಾಕು. ಆರು ಮಿಲಿಮೀಟರಿನದರಲ್ಲಿ ಟೊಮೆಟೊ ಹೆಚ್ಚಲು ಹೋಗಿ ನೋಡಿ, ಜಜ್ಜಿದ ಹಾಗಾಗುತ್ತದೆ. ಬೆನ್ನಿನ ಗರಗಸದ ಹಲ್ಲು ಬೇಡ. ಮರವನ್ನು ಸರಿಯಾಗಿ ಕೊಯ್ಯುವುದಿಲ್ಲ, ಹೆಬ್ಬೆರಳಿಡಲು ಜಾಗವನ್ನೂ ಬಿಡುವುದಿಲ್ಲ. ಕುಲುಮೆಯಲ್ಲಿ ಕತ್ತಿ ಮಾಡಿಸುವುದಾದರೆ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಮಾಡಿಸಿ, ಮಾಡಿಸುವಾಗ ನೀವೇ ಹೋಗಿ ಅಂಗೈ ತೋರಿಸಿ. ಹಿಡಿಯನ್ನು ಕೈಗೆ ತಕ್ಕಂತೆ ಕೆತ್ತಿಸಿಕೊಳ್ಳುವ ಈ ಭಾಗ್ಯ ದುಬಾರಿ ಚಾಕು ಕೊಂಡವರಿಗೂ ಇಲ್ಲ.

ಇರುವ ಹಿಡಿಯನ್ನೇ ಸರಿಮಾಡಿಕೊಳ್ಳಿ

ಮೊದಲು ಅಲಗಿಗೆ ರಟ್ಟು ಸುತ್ತಿ ಟೇಪ್ ಹಾಕಿ. ಮರದ ಹಿಡಿಯ ಚೂಪಂಚುಗಳನ್ನು 120 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಆಮೇಲೆ 240ರಿಂದ ನಯಮಾಡಿ. ಅದಕ್ಕಿಂತ ನಯ ಬೇಡ, ಜಾರುತ್ತದೆ. ಮಿರಿಮಿರಿ ವಾರ್ನಿಷ್ ಇದ್ದರೆ ಅದನ್ನೂ ತೆಗೆಯಿರಿ. ಬೊಬ್ಬೆಗೆ ಅರ್ಧ ಕಾರಣ ಆ ವಾರ್ನಿಷ್. ನಂತರ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಒಂದು ದಿನ ಒಣಗಿಸಿ, ಮತ್ತೆ ಸವರಿ. ಮೂರು ನಾಲ್ಕು ಸಲ ಮಾಡಿದರೆ ಮಳೆಗೆ ಮರ ಬೇಗ ಉಬ್ಬದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹೊರಗೆ ಒಣಹಾಕಿ.

ತೆಳ್ಳಗಿನ ಹಿಡಿಗೆ ಬ್ಯಾಡ್ಮಿಂಟನ್ ರಾಕೆಟ್ಟಿನ ಗ್ರಿಪ್ ಟೇಪ್ ಸುತ್ತಬಹುದು. ಸೈಕಲ್ ಟ್ಯೂಬ್ ಇನ್ನೂ ಗಟ್ಟಿ: ಬೆರಳಗಲದ ಪಟ್ಟಿ ಕೊಯ್ದು, ಎಳೆದು ಹಿಡಿದುಕೊಂಡು, ಹಿಂದಿನಿಂದ ಮುಂದಕ್ಕೆ ಅರ್ಧರ್ಧ ಮೇಲೇರಿಸುತ್ತಾ ಸುತ್ತಿ, ಕೊನೆಯನ್ನು ಕಡೇ ಸುತ್ತಿನೊಳಗೆ ತೂರಿಸಿ. ಮಳೆಗಾಲ ಮುಗಿದ ಮೇಲೆ ಬಿಚ್ಚಿ ಒಳಗೆ ತುಕ್ಕು, ಗೆದ್ದಲು ಇದೆಯೇ ನೋಡಿ.

ಒಯ್ಯುವ ಮುನ್ನ

ಕುಮಾರ ಪರ್ವತ, ಕುದುರೆಮುಖಕ್ಕೆ ಹೊರಟವರು ಗಮನಿಸಿ. ಮೊದಲನೆಯದು ಪುಷ್ಪಗಿರಿ ವನ್ಯಜೀವಿ ಧಾಮ, ಎರಡನೆಯದು ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಕಡೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ, ಆಯುಧದ ವ್ಯಾಖ್ಯೆಯಲ್ಲಿ ಚಾಕುವೂ ಇದೆ. ಅಲ್ಲಿ ಬೆಂಕಿ ಹಾಕುವಂತೆಯೂ ಇಲ್ಲ, ಗಿಡ ಕಡಿಯುವಂತೆಯೂ ಇಲ್ಲ. ಆದ್ದರಿಂದ ಚಾಕು ಮನೆಯಲ್ಲೇ ಇರಲಿ. ಅದರ ಜಾಗ ನಿಮ್ಮ ತೋಟ, ಒಡೆಯರ ಅನುಮತಿ ಇರುವ ಕ್ಯಾಂಪು. ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಬೇರೆಯೇ ವರ್ಗದಲ್ಲಿ ಇಟ್ಟಿವೆ. ಮನೆಬಳಕೆ, ಕೃಷಿಯ ಉಪಕರಣಗಳಿಗೆ ಅದರಲ್ಲಿ ವಿನಾಯಿತಿ ಇದೆ, ಆದರೆ ಕತ್ತಿ ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ತಿರುಗಿದರೆ ಪೊಲೀಸರಿಗೆ ಅದು ಕೃಷಿಯಂತೆ ಕಾಣುವುದಿಲ್ಲ. ವಿಮಾನದಲ್ಲಿ ಕೈಚೀಲಕ್ಕೆ ಬೇಡ, ಚೆಕ್-ಇನ್ ಲಗೇಜಿಗೆ ಹಾಕಿ. ನನ್ನದೊಂದು ಒಳ್ಳೆಯ ಪುಟ್ಟ ಚಾಕು ಮರೆವಿನಿಂದ ತಪಾಸಣೆಯವರ ಡಬ್ಬಿಗೆ ಬಿತ್ತು.

ಬಳಸುವಾಗ ತೊಡೆಯ ಮೇಲಿಟ್ಟು ಕೆತ್ತಬೇಡಿ, ಒಳತೊಡೆಯಲ್ಲಿ ದೊಡ್ಡ ರಕ್ತನಾಳವಿದೆ. ಮೊಣಕೈಯನ್ನು ಮೊಣಕಾಲ ಮೇಲೂರಿ, ಮೈಯಿಂದ ಆಚೆ ಕೆತ್ತಿ. ಕೈ ಚಾಚಿದರೆ ಸಿಗುವಷ್ಟು ಸುತ್ತಳತೆಯಲ್ಲಿ ಯಾರೂ ಇರಬಾರದು. ಇನ್ನೊಬ್ಬರಿಗೆ ಕೊಡುವಾಗ ಕೈಯಿಂದ ಕೈಗೆ ಬೇಡ, ಕೆಳಗಿಡಿ, ಅವರು ಎತ್ತಿಕೊಳ್ಳಲಿ. ಮನೆಗೆ ಬಂದ ಮೇಲೆ ಒರೆಸಿ, ಕಾರ್ಬನ್ ಉಕ್ಕಾದರೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ. ತೊಗಲಿನ ಒರೆಯಲ್ಲಿಟ್ಟು ಕಪಾಟಿಗೆ ಸೇರಿಸಬೇಡಿ. ತೊಗಲು ತೇವ ಹಿಡಿದಿಟ್ಟುಕೊಂಡು, ಶ್ರಾವಣ ಕಳೆಯುವುದರೊಳಗೆ ಅಲಗಿನ ಮೇಲೆ ಕಂದು ಚುಕ್ಕೆ ಎಬ್ಬಿಸುತ್ತದೆ. ಒರೆ ಬೇರೆ, ಚಾಕು ಬೇರೆ ಇಟ್ಟು, ಚಾಕುವನ್ನು ಮಕ್ಕಳ ಕೈಗೆಟುಕದ ಅಟ್ಟದ ಮೇಲೆ ಹಳೇ ಪತ್ರಿಕೆಯಲ್ಲಿ ಸುತ್ತಿಡಿ. ಈ ಪುರವಣಿಯೂ ಆದೀತು.