ವಯಸ್ಸಿಗೆ ತಕ್ಕ ಅಂಗಳ: ದಾವಣಗೆರೆಯಲ್ಲಿ ಮಕ್ಕಳ ಬೇಸ್‌ಬಾಲ್ ಶುರುಮಾಡುವ ಬಗೆ

ದಾವಣಗೆರೆಯ ಯಾವ ಬಡಾವಣೆಗೆ ಹೋದರೂ ಸಂಜೆ ಐದರ ಹೊತ್ತಿಗೆ ಮಕ್ಕಳ ಕೈಯಲ್ಲಿ ಟೆನ್ನಿಸ್ ಚೆಂಡು, ಕ್ರಿಕೆಟ್ ಬ್ಯಾಟು ಇದ್ದೇ ಇರುತ್ತವೆ. ವಿನಯ್ ಕುಮಾರ್ ಅವರಂಥ ವೇಗದ ಬೌಲರನ್ನು ಭಾರತ ತಂಡಕ್ಕೆ ಕೊಟ್ಟ ಊರಿನಲ್ಲಿ ಇದು ಸಹಜವೇ ಆಗಿದೆ. ಇಂಥ ಊರಿನಲ್ಲಿ ಬೇಸ್‌ಬಾಲ್ ಕಲಿಸಲು ಹೊರಡುವವರಿಗೆ ಒಂದು ದೊಡ್ಡ ಅನುಕೂಲವಿದೆ: ಲಗೋರಿ ಆಡಿದ ಕೈಗೆ ಗುರಿ ಗೊತ್ತಿರುತ್ತದೆ, ಚಿನ್ನಿದಾಂಡು ಆಡಿದ ಕಣ್ಣಿಗೆ ಗಾಳಿಯಲ್ಲಿರುವುದನ್ನು ಹೊಡೆಯುವ ಹದ ಗೊತ್ತಿರುತ್ತದೆ. ಅದರ ಜೊತೆಗೇ ಒಂದು ಅಪಾಯವೂ ಇದೆ. ಗಲ್ಲಿ ಕ್ರಿಕೆಟ್ಟಿನಲ್ಲಿ ಆರು ವರ್ಷದವನೂ ಹದಿನಾರು ವರ್ಷದವನೂ ಒಟ್ಟಿಗೆ ಆಡುವ ರೂಢಿಯಿರುವುದರಿಂದ, ಬೇಸ್‌ಬಾಲಿಗೂ ಬಂದ ಮಕ್ಕಳನ್ನೆಲ್ಲ ಒಂದೇ ಅಂಕಣಕ್ಕೆ ಇಳಿಸಿಬಿಡಬೇಕೆಂಬ ಆಸೆ ಹುಟ್ಟುತ್ತದೆ. ಬೇಸ್‌ಬಾಲಿನ ಚೆಂಡು 142ರಿಂದ 149 ಗ್ರಾಂ ತೂಗುವ, ತೊಗಲು ಹೊದಿಸಿದ ಗಟ್ಟಿ ಚೆಂಡು. ಅದನ್ನು ದೊಡ್ಡ ಹುಡುಗನೊಬ್ಬ ಜೋರಾಗಿ ಎಸೆದಾಗ ಎದುರಿಗೆ ಏಳು ವರ್ಷದ ಮಗು ನಿಂತಿದ್ದರೆ, ಆ ಮಗುವಿಗೆ ಪೆಟ್ಟಾಗದಿದ್ದರೂ ಹೆದರಿಕೆ ಆಗಿಯೇ ಆಗುತ್ತದೆ. ಮೊದಲ ವಾರದಲ್ಲಿ ಹೆದರಿದ ಮಗು ಎರಡನೆಯ ವಾರ ಮನೆಯಿಂದ ಹೊರಡುವುದಿಲ್ಲ. ಆದ್ದರಿಂದ ಮೈದಾನ, ಸಾಮಾನು, ತರಬೇತುದಾರರು ಇವೆಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ವಯಸ್ಸಿನ ವಿಂಗಡಣೆ. ಉಳಿದ ಅಳತೆಗಳೆಲ್ಲ ಅದನ್ನೇ ಅನುಸರಿಸಿ ಬರುತ್ತವೆ.

ಈ ಮಾತು ಅಮೆರಿಕದಲ್ಲೂ ಒಂದು ಕಾಲಕ್ಕೆ ಹೊಸದಾಗಿತ್ತು. ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಊರಿನ ಕಾರ್ಲ್ ಸ್ಟಾಟ್ಜ್ ಎಂಬವರು ತಮ್ಮ ಮನೆತನದ ಹುಡುಗರನ್ನು ಆಡಿಸಿ ನೋಡಿ, ಓಡುವವರು ಮೆಟ್ಟಿ ದಾಟಬೇಕಾದ ಅಂಕಣದ ಮೂಲೆಗಳ, ಅಂದರೆ ಬೇಸ್‌ಗಳ ನಡುವೆ ದೊಡ್ಡವರಿಗಿರುವ 90 ಅಡಿಯ ಅಂತರ ಮಕ್ಕಳ ಕಾಲಿಗೂ ಕೈಗೂ ನಿಲುಕದೆಂದು ಕಂಡುಕೊಂಡರು. ಅದನ್ನು 60 ಅಡಿಗೆ ಇಳಿಸಿ 1939ರಲ್ಲಿ ಅವರು ಆರಂಭಿಸಿದ್ದೇ ಲಿಟಲ್ ಲೀಗ್. ಇಂದು ಮಕ್ಕಳ ಬೇಸ್‌ಬಾಲಿನ ಅಳತೆಗಳಿಗೆ ಹೆಚ್ಚಿನವರು ನೋಡುವುದು ಅದರ ನಿಯಮಗಳನ್ನೇ, ನಾವೂ ಅವನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದು.

ವಯಸ್ಸನ್ನು ಲೆಕ್ಕ ಹಾಕಲು ಒಂದು ದಿನಾಂಕವನ್ನು ಗೊತ್ತುಮಾಡಿ, ಆಮೇಲೆ ಯಾರಿಗಾಗಿಯೂ ಅದನ್ನು ಸಡಿಲಿಸಬಾರದು. ನಮ್ಮ ಶಾಲೆಗಳ ವರ್ಷ ಜೂನ್‌ನಲ್ಲಿ ಶುರುವಾಗುವುದರಿಂದ ಜೂನ್ 1 ಅನುಕೂಲದ ದಿನ. ಹೆಸರು ಬರೆಸುವಾಗಲೇ ಜನನ ಪ್ರಮಾಣಪತ್ರವನ್ನೋ ಶಾಲೆಯ ದಾಖಲಾತಿಯನ್ನೋ ನೋಡಿಕೊಳ್ಳಬೇಕು. "ನಮ್ಮ ಹುಡುಗ ವಯಸ್ಸಿಗಿಂತ ಚುರುಕು, ದೊಡ್ಡವರ ಜೊತೆ ಹಾಕಿ ಸಾರ್" ಎನ್ನುವ ತಂದೆತಾಯಿಯರು ಬಂದೇ ಬರುತ್ತಾರೆ. ಅವರಿಗೆ ಗೌರವದಿಂದಲೇ ಇಲ್ಲವೆನ್ನಬೇಕು, ಏಕೆಂದರೆ ಹುಡುಗನ ಚುರುಕು ಎಷ್ಟೇ ಇರಲಿ, ಅವನ ಮೊಣಕೈಯ ಎಲುಬು ಬೆಳೆಯುವುದು ಅವನ ವಯಸ್ಸಿಗೆ ತಕ್ಕಂತೆಯೇ.

ಮೊದಲ ವರ್ಷ ಮೂರು ಗುಂಪು ಸಾಕು. ಐದರಿಂದ ಎಂಟು ವರ್ಷದವರು ಒಂದು, ಒಂಬತ್ತರಿಂದ ಹನ್ನೆರಡರವರು ಇನ್ನೊಂದು, ಹದಿಮೂರರಿಂದ ಹದಿನಾರರವರು ಮತ್ತೊಂದು. ಮಕ್ಕಳು ಹೆಚ್ಚಿದಂತೆ ನಡುವಿನ ಗುಂಪನ್ನು ಒಡೆದು ಎರಡು ಮಾಡಬೇಕು, ಒಂಬತ್ತರ ಮಗುವಿಗೂ ಹನ್ನೆರಡರ ಮಗುವಿಗೂ ಬಲದಲ್ಲಿ ಬಹಳ ಅಂತರವಿರುತ್ತದೆ. ಹೆಣ್ಣುಮಕ್ಕಳನ್ನು ಕೆಳಗಿನ ಎರಡು ಗುಂಪುಗಳಲ್ಲಿ ಗಂಡುಮಕ್ಕಳ ಜೊತೆಗೇ ಆಡಿಸಬೇಕು. ಲಿಟಲ್ ಲೀಗ್ ಈ ಬಾಗಿಲನ್ನು ತೆರೆದದ್ದು 1974ರಲ್ಲಿ. ನಾವು ಮೊದಲ ದಿನವೇ ತೆರೆದಿಡಬಹುದು.

ಚಿಕ್ಕವರ ಆಟ

ಐದಾರು ವರ್ಷದ ಮಕ್ಕಳಿಗೆ ಹಾರಿ ಬರುವ ಚೆಂಡು ಬೇಡ. ಅವರ ಸೊಂಟದ ಎತ್ತರದ ಕಂಬದ ಮೇಲೆ ಚೆಂಡನ್ನು ಇರಿಸಿ ಹೊಡೆಸುವ ಆಟಕ್ಕೆ ಟೀ-ಬಾಲ್ ಎನ್ನುತ್ತಾರೆ. ಆ ಕಂಬವನ್ನು ಕೊಳ್ಳಬೇಕಾಗಿಯೇ ಇಲ್ಲ. ನಲ್ಲಿ ಕೆಲಸದವರ ಹತ್ತಿರ ಉಳಿದ ಪಿವಿಸಿ ಪೈಪಿನ ತುಂಡನ್ನು ಅಗಲವಾದ ಹಲಗೆಗೆ ಭದ್ರವಾಗಿ ಕೂಡಿಸಿ, ತುದಿಗೆ ಹಳೆಯ ಸೈಕಲ್ ಟ್ಯೂಬನ್ನು ಸುತ್ತಿ ಕಟ್ಟಿದರೆ ಬ್ಯಾಟು ತಾಗಿದರೂ ಪೈಪು ಸೀಳುವುದಿಲ್ಲ, ಮಗುವಿನ ಕೈಯೂ ಅದುರುವುದಿಲ್ಲ. ಚೆಂಡು ಮೆತ್ತಗಿರಬೇಕು, ಟೆನ್ನಿಸ್ ಚೆಂಡೇ ಸಾಕಾಗುತ್ತದೆ. ಬೇಸ್‌ಗಳ ನಡುವೆ 50 ಅಡಿ ಇಡಬೇಕು. ಔಟು, ರನ್ನು ಎಂದು ಲೆಕ್ಕ ಬರೆಯದೆ, ತಂಡದ ಎಲ್ಲ ಮಕ್ಕಳೂ ಒಂದೊಂದು ಸಲ ಹೊಡೆದ ಮೇಲೆ ಸರದಿ ಬದಲಾಗಲಿ. ಒಂದು ಗಂಟೆ ದಾಟಿಸಬಾರದು, ಅದರಲ್ಲೂ ಯಾವ ಮಗುವೂ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಸುಮ್ಮನೆ ನಿಂತಿರಬಾರದು.

ಏಳೆಂಟು ವರ್ಷಕ್ಕೆ ಬಂದಾಗ ಚೆಂಡನ್ನು ಎಸೆದು ಹೊಡೆಸಬಹುದು. ಆದರೆ ಎಸೆಯುವವರು ದೊಡ್ಡವರೇ ಆಗಿರಬೇಕು, ಅದೂ ಮಂಡಿಯೂರಿ, ಚೆಂಡು ಮಗುವಿನ ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ ಇಳಿದು ಬರದಂತೆ ಎಸೆಯಬೇಕು. ಮಗು ಮಗುವಿಗೆ ಎಸೆಯುವುದು ಒಂಬತ್ತರಿಂದ ಆರಂಭವಾಗಲಿ. ಆಗ ಚೆಂಡು ಎಸೆಯುವವನು, ಅಂದರೆ ಪಿಚರ್, ನಿಲ್ಲುವ ದೂರ 46 ಅಡಿ, ಬೇಸ್‌ಗಳ ಅಂತರ 60 ಅಡಿ, ಪಂದ್ಯಕ್ಕೆ ಆರು ಇನ್ನಿಂಗ್ಸ್. ಹದಿಮೂರರ ಆಸುಪಾಸಿನವರಿಗೆ ಪಿಚರ್ ದೂರ 50 ಅಡಿ, ಬೇಸ್ ಅಂತರ 70 ಅಡಿ ಇರುವ ನಡುವಣ ಮೆಟ್ಟಿಲೊಂದಿದೆ. ಅದನ್ನು ದಾಟಿದ ಮೇಲೆ ದೊಡ್ಡವರ ಅಳತೆಗಳಾದ 60 ಅಡಿ 6 ಅಂಗುಲ ಮತ್ತು 90 ಅಡಿಗಳಿಗೆ ಹೋಗಬಹುದು.

ಅಂಕಣ ಹಾಕುವುದು

ಸರ್ಕಾರಿ ಶಾಲೆಯ ಮೈದಾನವಾದರೆ ಮುಖ್ಯೋಪಾಧ್ಯಾಯರಿಗೂ ಎಸ್‌ಡಿಎಂಸಿಗೂ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಲಿಖಿತ ಅರ್ಜಿ ಕೊಟ್ಟು, ದಿನ ಮತ್ತು ಗಂಟೆಗಳನ್ನು ನಮೂದಿಸಿ ಒಪ್ಪಿಗೆ ಪಡೆಯಬೇಕು. ಭಾನುವಾರ ಬೆಳಿಗ್ಗೆ ಯಾವ ಮೈದಾನದಲ್ಲೂ ಕ್ರಿಕೆಟ್ಟಿನವರು ಇರುತ್ತಾರೆ, ಅವರ ಜೊತೆ ಜಗಳಕ್ಕಿಂತ ಶನಿವಾರದ ಬೆಳಗಿನ ಶಾಲೆ ಮುಗಿದ ಮೇಲಿನ ಹೊತ್ತನ್ನು ಆರಿಸಿಕೊಳ್ಳುವುದು ಲೇಸು.

ಚೌಕ ಸರಿಯಾಗಿ ಬರುವುದಕ್ಕೆ ಎರಡು ಟೇಪು ಮತ್ತು ಮೂವರು ಜನ ಬೇಕು. ಹೊಡೆಯುವವನು ನಿಲ್ಲುವ ಮೂಲೆಯಾದ ಹೋಮ್ ಪ್ಲೇಟಿನ ಜಾಗದಲ್ಲಿ ಒಂದು ಗೂಟ ಹೊಡೆದು, ಅಲ್ಲಿಂದ ಎರಡನೆಯ ಬೇಸ್ ಕಡೆಗೆ 84 ಅಡಿ 10 ಅಂಗುಲ ಅಳೆದು ಇನ್ನೊಂದು ಗೂಟ ಹೊಡೆಯಬೇಕು. ಎರಡೂ ಗೂಟಗಳಿಂದ 60 ಅಡಿಯ ಟೇಪುಗಳನ್ನು ಬಲಕ್ಕೆ ಎಳೆದಾಗ ಅವು ಕೂಡುವ ಬಿಂದು ಮೊದಲನೆಯ ಬೇಸ್, ಎಡಕ್ಕೆ ಎಳೆದಾಗ ಕೂಡುವುದು ಮೂರನೆಯ ಬೇಸ್. 50 ಅಡಿಯ ಅಂಕಣಕ್ಕೆ ಕರ್ಣ 70 ಅಡಿ ಎಂಟೂವರೆ ಅಂಗುಲ. ಚಿಕ್ಕವರಿಗೂ ದೊಡ್ಡವರಿಗೂ ಒಂದೇ ಹೋಮ್ ಪ್ಲೇಟಿನಿಂದ ಎರಡು ಚೌಕಗಳನ್ನು ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿಟ್ಟರೆ ಒಂದೇ ಮೈದಾನ ಎರಡು ಗುಂಪಿಗೂ ಸರದಿಯ ಮೇಲೆ ಒದಗುತ್ತದೆ. ಗೆರೆ ಎಳೆಯಲು ಸುಣ್ಣದ ಪುಡಿ ಬಳಸಬಾರದು, ಜಾರಿ ಬಿದ್ದ ಮಗುವಿನ ಕಣ್ಣಿಗೆ ಅದು ಹೋದರೆ ಸುಡುತ್ತದೆ. ಬಿಳಿ ರಂಗೋಲಿ ಪುಡಿ ಅಗ್ಗವಾಗಿಯೂ ನಿರಪಾಯವಾಗಿಯೂ ಇರುತ್ತದೆ. ಬೇಸ್‌ಗಳನ್ನು ಗೋಣಿಚೀಲದಿಂದ 15 ಅಂಗುಲದ ಚೌಕವಾಗಿ ಹೊಲಿಸಿ ಭತ್ತದ ಹೊಟ್ಟು ತುಂಬಬಹುದು. ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಹೊಟ್ಟಿಗೆ ಬರವಿಲ್ಲ. ಕಲ್ಲು, ಇಟ್ಟಿಗೆ, ಸಿಮೆಂಟು ತುಂಡುಗಳನ್ನು ಬೇಸ್ ಆಗಿ ಇಡುವುದನ್ನು ನಾನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಓಡಿ ಬರುವ ಮಗುವಿನ ಕಾಲು ಹೊರಳಲು ಅಷ್ಟೇ ಸಾಕು.

ದಿಕ್ಕಿನ ವಿಚಾರದಲ್ಲಿ ಪುಸ್ತಕದ ನಿಯಮವನ್ನು ಕಣ್ಣುಮುಚ್ಚಿ ಅನುಸರಿಸುವಂತಿಲ್ಲ. ಹೋಮ್ ಪ್ಲೇಟಿನಿಂದ ಎರಡನೆಯ ಬೇಸ್‌ಗೆ ಎಳೆದ ಗೆರೆ ಪೂರ್ವ-ಈಶಾನ್ಯದ ಕಡೆಗಿರಲಿ ಎಂದು ಬೇಸ್‌ಬಾಲಿನ ನಿಯಮಾವಳಿ ಹೇಳುವುದು ಮಧ್ಯಾಹ್ನದ ಪಂದ್ಯಗಳಲ್ಲಿ ಹೊಡೆಯುವವನ ಕಣ್ಣಿಗೆ ಬಿಸಿಲು ಬೀಳಬಾರದೆಂದು. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳ ಶಿಬಿರ ನಡೆಯಬೇಕಾದ್ದು ಬೆಳಿಗ್ಗೆ ಆರೂವರೆಯಿಂದ ಎಂಟೂವರೆಯೊಳಗೆ, ಆ ಹೊತ್ತಿನಲ್ಲಿ ಪೂರ್ವಕ್ಕೆ ಮುಖಮಾಡಿದ ಮಗುವಿಗೆ ಚೆಂಡಿನ ಬದಲು ಸೂರ್ಯನೇ ಕಾಣುತ್ತಾನೆ. ಬೆಳಗಿನ ಆಟಕ್ಕೆ ಹೊಡೆಯುವವರು ಪಶ್ಚಿಮಕ್ಕೆ ಮುಖಮಾಡುವಂತೆ ಅಂಕಣ ತಿರುಗಿಸಬೇಕು. ಎರಡೂ ಹೊತ್ತು ಆಡಿಸುವುದಾದರೆ ಉತ್ತರಾಭಿಮುಖ ಒಳ್ಳೆಯದು. ದಾವಣಗೆರೆ ಸುತ್ತಿನ ಕಪ್ಪು ಮಣ್ಣು ಮಳೆ ಬಿದ್ದರೆ ಶೂಗೆ ಅಂಟಿ ಓಡಲು ಬಿಡುವುದಿಲ್ಲ, ಚಿತ್ರದುರ್ಗದ ಕಡೆಯ ಗರಸು ನೆಲ ಬೇಗ ಒಣಗಿದರೂ ಮೊಣಕಾಲನ್ನು ತರಚುತ್ತದೆ. ಆದಕಾರಣ ಎರಡೂ ಕಡೆ ಬೇಸ್‌ಗೆ ಜಾರಿಕೊಂಡು ಹೋಗುವುದನ್ನು ಮೊದಲ ವರ್ಷ ಪೂರ್ತಿಯಾಗಿ ನಿಷೇಧಿಸುವುದೇ ಸರಿ. ಪಂದ್ಯಗಳಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ.

ಎಸೆತದ ಲೆಕ್ಕ

ಇದೊಂದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಬೆಳೆಯುವ ಮಕ್ಕಳ ಮೊಣಕೈ ಮತ್ತು ಭುಜದ ಎಲುಬಿನ ತುದಿಗಳಲ್ಲಿ ಇನ್ನೂ ಗಟ್ಟಿಯಾಗದ ಮೃದ್ವಸ್ಥಿಯ ಪದರವಿರುತ್ತದೆ. ಬಲವಂತದ ಎಸೆತ ಮತ್ತೆ ಮತ್ತೆ ಆದಾಗ ನೋವು ಮೊದಲು ಕಾಣಿಸಿಕೊಳ್ಳುವುದು ಅಲ್ಲೇ. ಅದಕ್ಕಾಗಿ ಲಿಟಲ್ ಲೀಗ್ ಒಬ್ಬ ಪಿಚರ್ ಒಂದು ದಿನದಲ್ಲಿ ಎಸೆಯಬಹುದಾದ ಚೆಂಡುಗಳಿಗೆ ಮಿತಿ ಹಾಕಿದೆ: ಒಂಬತ್ತು-ಹತ್ತು ವರ್ಷಕ್ಕೆ 75, ಹನ್ನೊಂದು-ಹನ್ನೆರಡಕ್ಕೆ 85, ಹದಿಮೂರರಿಂದ ಹದಿನಾರಕ್ಕೆ 95. ಹದಿನಾಲ್ಕರವರೆಗಿನ ಮಗು 20 ಚೆಂಡಿನೊಳಗೆ ನಿಲ್ಲಿಸಿದರೆ ಮರುದಿನವೂ ಎಸೆಯಬಹುದು. 21ರಿಂದ 35 ಎಸೆದರೆ ಒಂದು ದಿನ, 50ರವರೆಗೆ ಎರಡು ದಿನ, 65ರವರೆಗೆ ಮೂರು ದಿನ, ಅದಕ್ಕೂ ಮೇಲಾದರೆ ನಾಲ್ಕು ದಿನ ಬಿಡುವು ಕೊಡಬೇಕು. 41 ಅಥವಾ ಹೆಚ್ಚು ಚೆಂಡು ಎಸೆದವನನ್ನು ಅದೇ ದಿನ ಹೊಡೆಯುವವನ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಆಗಿ ಕೂರಿಸಬಾರದು, ಏಕೆಂದರೆ ಕ್ಯಾಚರ್ ಕೂಡ ಪ್ರತಿ ಚೆಂಡನ್ನೂ ಹಿಂದಕ್ಕೆ ಎಸೆಯುತ್ತಲೇ ಇರುತ್ತಾನೆ.

ನಮ್ಮೂರಿನಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಕಲಂ ಸೇರಿಸಬೇಕು. ಬೆಳಿಗ್ಗೆ ಇಲ್ಲಿ 60 ಚೆಂಡು ಎಸೆದ ಹುಡುಗ ಸಂಜೆ ಓಣಿಯಲ್ಲಿ ಕ್ರಿಕೆಟ್ಟಿಗೆ ಬೌಲಿಂಗ್ ಮಾಡುತ್ತಾನೆ. ಭುಜಕ್ಕೆ ಎರಡೂ ಆಟಗಳ ಭೇದ ಗೊತ್ತಿಲ್ಲ. ಪ್ರತಿ ಮಗುವಿನ ಹೆಸರಿಗೆ ಒಂದು ಪುಟ ತೆರೆದು, ಬಂದ ಕೂಡಲೇ "ನಿನ್ನೆ ಬೌಲಿಂಗ್ ಮಾಡಿದೆಯಾ, ಎಷ್ಟು ಓವರು?" ಎಂದು ಕೇಳಿ ಬರೆದುಕೊಳ್ಳುವುದು ಒಳ್ಳೆಯದು. ಎಸೆತ ಎಣಿಸುವ ಕೆಲಸವನ್ನು ತರಬೇತುದಾರರಿಗೆ ಕೊಡದೆ, ಬೇಲಿಯಾಚೆ ಕುಳಿತ ಒಬ್ಬ ತಾಯಿಗೋ ಅಜ್ಜನಿಗೋ ವಹಿಸಬೇಕು. ಪಂದ್ಯ ಗೆಲ್ಲುವ ಆತುರದಲ್ಲಿರುವವರಿಗೆ ಎಣಿಕೆ ತಪ್ಪುವುದು ಸುಲಭ. ಹನ್ನೆರಡರೊಳಗಿನವರಿಗೆ ನೇರ ಎಸೆತ ಮತ್ತು ಅದೇ ಶೈಲಿಯ ನಿಧಾನ ಎಸೆತ ಎರಡನ್ನೇ ಕಲಿಸಬೇಕು, ತಿರುಗಿಸುವ ಎಸೆತಗಳಿಗೆ ಅವಸರವಿಲ್ಲ. ಮೊಣಕೈ ನೋವೆಂದ ಮಗುವನ್ನು ಆ ಕ್ಷಣವೇ ಎಸೆತದಿಂದ ಬಿಡಿಸಿ ಎಲುಬಿನ ಡಾಕ್ಟರಿಗೆ ತೋರಿಸಲು ಮನೆಯವರಿಗೆ ಹೇಳಬೇಕು.

ಕ್ರಿಕೆಟ್ಟಿನ ಅಭ್ಯಾಸಗಳು

ಕ್ರಿಕೆಟ್ ಗೊತ್ತಿರುವ ಮಗು ಹೊಡೆದ ಕೂಡಲೇ ಬ್ಯಾಟು ಹಿಡಿದುಕೊಂಡೇ ಓಡುತ್ತದೆ, ಇಲ್ಲವೇ ಅದನ್ನು ಹಿಂದಕ್ಕೆ ಬೀಸಿ ಬಿಸಾಡುತ್ತದೆ, ಎರಡೂ ಅಪಾಯ. ಹೋಮ್ ಪ್ಲೇಟಿನ ಪಕ್ಕದಲ್ಲಿ ರಂಗೋಲಿಯಿಂದ ಒಂದು ವೃತ್ತ ಬರೆದು, ಬ್ಯಾಟನ್ನು ಅದರೊಳಗೆ ಇಟ್ಟು ಓಡಿದವರ ಓಟವನ್ನೇ ಲೆಕ್ಕಕ್ಕೆ ಹಿಡಿದರೆ ಎರಡು ವಾರದಲ್ಲಿ ಅಭ್ಯಾಸ ಕೂರುತ್ತದೆ. ಎಸೆಯುವಾಗ ಮೊಣಕೈ ಬಾಗಿಸಬಾರದೆಂದು ಕೇಳಿ ಬೆಳೆದ ಮಕ್ಕಳಿಗೆ ಇಲ್ಲಿ ಬಾಗಿಸಲೇಬೇಕೆಂದು ತಿಳಿಹೇಳಬೇಕು. ಲಗೋರಿಯಲ್ಲಿ ಎಸೆದಂತೆ ಎಸೆ ಎಂದರೆ ಅವರಿಗೆ ಥಟ್ಟನೆ ಅರ್ಥವಾಗುತ್ತದೆ. ಹಿಂದಕ್ಕೆ ಹೋದ ಚೆಂಡಿಗೆ ಇಲ್ಲಿ ಓಟವಿಲ್ಲ, ಹೋಮ್ ಪ್ಲೇಟಿನಿಂದ ಮೊದಲನೆಯ ಮತ್ತು ಮೂರನೆಯ ಬೇಸ್‌ಗಳತ್ತ ಎಳೆದ ಎರಡು ಗೆರೆಗಳ ನಡುವೆ ಬಿದ್ದದ್ದು ಮಾತ್ರ ಆಟದ ಚೆಂಡು. ಮೊದಲನೆಯ ಬೇಸನ್ನು ಮೆಟ್ಟಿ ಮುಂದೆ ಓಡಿಹೋಗಬಹುದು, ಎರಡು ಮತ್ತು ಮೂರನೆಯದರಲ್ಲಿ ನಿಲ್ಲಲೇಬೇಕು. ಗ್ಲೌಸು ಹಾಕಿಕೊಳ್ಳುವುದು ಎಸೆಯದ ಕೈಗೆ. ಇದನ್ನು ಬಲಗೈ ಮಕ್ಕಳೂ ಮೊದಲ ದಿನ ತಪ್ಪುತ್ತಾರೆ.

ಸಾಮಾನುಗಳಲ್ಲಿ ಹೆಲ್ಮೆಟ್ಟಿಗೆ ಮೊದಲು ಹಣ ತೆಗೆದಿಡಿ. ಹೊಡೆಯುವವರಿಗೆ ಮಾತ್ರವಲ್ಲದೆ ಬೇಸ್‌ಗಳಲ್ಲಿ ಓಡುವವರಿಗೂ ಬೇಕಾಗುವುದರಿಂದ ತಂಡಕ್ಕೆ ಐದಾದರೂ ಇರಬೇಕು. ಕ್ಯಾಚರಿಗೆ ಮುಖವಾಡ, ಗಂಟಲು ರಕ್ಷೆ, ಎದೆಗವಚ, ಮೊಣಕಾಲು ಕವಚ ಇಲ್ಲದಿದ್ದರೆ ಗಟ್ಟಿ ಚೆಂಡನ್ನು ಮುಟ್ಟಲೇಬಾರದು. ಇವು ಸ್ಥಳೀಯ ಅಂಗಡಿಗಳಲ್ಲಿ ಸಿಗದಿದ್ದರೆ ಕ್ರೀಡಾ ಸಾಮಗ್ರಿ ತಯಾರಾಗುವ ಮೀರತ್ ಅಥವಾ ಜಲಂಧರ್‌ನಿಂದ ತರಿಸಬಹುದು. ಬ್ಯಾಟಿನ ತೂಕ ನೋಡಲು, ಮಗು ಅದನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ಚಾಚಿ ಇಪ್ಪತ್ತು ಎಣಿಸುವವರೆಗೆ ಹಿಡಿಯಲಿ, ಕೈ ನಡುಗಿದರೆ ಹಗುರವಾದದ್ದು ಬೇಕು. ಯಾವ ಹೊತ್ತಿನಲ್ಲೂ ಮೈದಾನದಲ್ಲಿ ಬ್ಯಾಟು ಇರಬೇಕಾದ್ದು ಒಂದೇ ಮಗುವಿನ ಕೈಯಲ್ಲಿ. ಕಾದಿರುವ ಮಕ್ಕಳು ಅಭ್ಯಾಸಕ್ಕೆಂದು ಬೀಸುವ ಬ್ಯಾಟಿನಿಂದ ಆಗುವ ಪೆಟ್ಟು ಚೆಂಡಿನ ಪೆಟ್ಟಿಗಿಂತ ಘೋರ.

ಪ್ರತಿ ಗುಂಪಿನ ಜೊತೆ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಒಬ್ಬಂಟಿ ಮಗುವಿನೊಡನೆ ಒಬ್ಬರೇ ಉಳಿಯುವಂತಾಗಬಾರದು. ಮಕ್ಕಳ ಸಹಾಯವಾಣಿ 1098 ಮತ್ತು ಆಂಬುಲೆನ್ಸಿನ 108 ಸಂಖ್ಯೆಗಳನ್ನು ಹಾಜರಿ ಪುಸ್ತಕದ ರಟ್ಟಿನ ಮೇಲೆಯೇ ಬರೆದಿಡಬೇಕು. ಹಣ ಸಂಗ್ರಹ ಮಾಡುವುದಾದರೆ ಏಳು ಜನ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಳ್ಳುವುದು ಕ್ಷೇಮ.

ಪಂದ್ಯಗಳಲ್ಲಿ ಬಂದ ಮಕ್ಕಳೆಲ್ಲ ಆಡಲೇಬೇಕು. ಕನಿಷ್ಠ ಒಂದು ಸಲ ಬ್ಯಾಟಿಂಗ್, ಆರು ಔಟುಗಳು ಆಗುವವರೆಗೆ ಫೀಲ್ಡಿಂಗ್ ಎಂಬ ಲಿಟಲ್ ಲೀಗ್ ನಿಯಮವನ್ನು ನಮ್ಮ ನಿಯಮವಾಗಿಸಿಕೊಂಡು, ಹೆಸರು ಬರೆಸುವ ದಿನವೇ ಪೋಷಕರಿಗೆ ಓದಿ ಹೇಳಬೇಕು. ಈ ಆಟದಿಂದ ಮುಂದೇನು ಎಂದು ಅವರು ಕೇಳಿದರೆ, ಉತ್ತರಪ್ರದೇಶದ ಈಟಿ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅವರನ್ನು 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಸೇರಿಸಿಕೊಂಡದ್ದನ್ನೂ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಬೇಸ್‌ಬಾಲ್ ಇರುವುದನ್ನೂ ಹೇಳಬಹುದು. ಆದರೆ ಹತ್ತು ವರ್ಷದ ಮಗುವಿನ ಮುಂದೆ ಇಂಥ ಮಾತು ಬೇಡ.

ಮೈದಾನವೇ ಸಿಗದ ಓಣಿಗಳಿಗೆ ಬೇಸ್‌ಬಾಲ್5 ಇದೆ. ತಂಡಕ್ಕೆ ಐವರು, ರಬ್ಬರ್ ಚೆಂಡು, ಬ್ಯಾಟು-ಗ್ಲೌಸು ಯಾವುದೂ ಇಲ್ಲ, ಕೈಯಿಂದಲೇ ಹೊಡೆತ, ಬೇಸ್‌ಗಳ ನಡುವೆ 13 ಮೀಟರ್, ಐದು ಇನ್ನಿಂಗ್ಸ್. ಶಾಲೆಯ ಪ್ರಾರ್ಥನೆಯ ಅಂಗಳದಲ್ಲಿ ಇದನ್ನು ಆಡಿಸಿ, ಆಸಕ್ತಿ ಕಂಡ ಮೇಲೆ ಗ್ಲೌಸು ಕೊಳ್ಳುವುದು ಜಾಣತನ.

ಮೇ ತಿಂಗಳ ಕೊನೆಗೆ, ಮುಂಗಾರು ಹಿಡಿಯುವ ಮೊದಲು, ಗ್ಲೌಸುಗಳನ್ನು ನೆರಳಲ್ಲಿ ಒಣಗಿಸಿ, ಒಳಗೆ ಒಂದೊಂದು ಚೆಂಡು ಇಟ್ಟು ಹಗ್ಗದಿಂದ ಬಿಗಿದು ಗಾಳಿಯಾಡುವ ಕಡೆ ಇಡಬೇಕು. ಅದೇ ದಿನ ಹಾಜರಿ ಪುಸ್ತಕ ತೆರೆದು, ಜೂನ್ 1ಕ್ಕೆ ಒಂಬತ್ತು ಮತ್ತು ಹದಿಮೂರು ತುಂಬುವ ಮಕ್ಕಳ ಹೆಸರುಗಳನ್ನು ಮುಂದಿನ ಗುಂಪಿನ ಪುಟಕ್ಕೆ ಬರೆದುಕೊಳ್ಳಬೇಕು.