ಏಪ್ರಿಲ್, ಮೇ ಬಿಸಿಲಿನಲ್ಲಿ ಶೆಡ್ಡಿನ ಕೆಲಸ ಹೇಗೆ ನಡೆಸಬೇಕು

ಕಲಬುರಗಿಯ ದಾಲ್ ಮಿಲ್‌ಗಳಲ್ಲಿ ಕೆಲಸಕ್ಕೆ ಸೇರಿ ನನಗೆ ಹದಿನಾರು ವರ್ಷ ಆಯಿತು. ಮೊದಲ ಆರು ವರ್ಷ ಬೇರೆ ಹೆಂಗಸರ ಜೊತೆ ನೆಲದ ಮೇಲೆ ಕೂತು ಬೇಳೆ ಆರಿಸಿದೆ. ಈಗ ಇನ್ನೊಂದು ಮಿಲ್‌ನಲ್ಲಿ ಹಾಜರಿ ಬರೆಯುವುದು, ಕೆಲಸ ಹಂಚುವುದು, ಲಾರಿ ಬಂದರೆ ಚೀಲ ಎಣಿಸುವುದು ನನ್ನ ಕೆಲಸ. ಬಿಸಿಲಿನ ಕೆಲಸವನ್ನು ನೆಲದಿಂದಲೂ ನೋಡಿದ್ದೇನೆ, ಕುರ್ಚಿಯಿಂದಲೂ ನೋಡುತ್ತಿದ್ದೇನೆ. ತಗಡಿನ ಶೆಡ್ಡಿನಲ್ಲಿ ಜನರಿಂದ ಕೆಲಸ ಮಾಡಿಸುವ ಯಾರಿಗಾದರೂ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ವೆಲ್ಡಿಂಗ್ ಅಂಗಡಿ ಇರಲಿ, ಇಟ್ಟಿಗೆ ಭಟ್ಟಿ ಇರಲಿ, ಗೋದಾಮು ಇರಲಿ, ವಿಷಯ ಒಂದೇ.

ನಮ್ಮ ಕಡೆ ತೊಗರಿ ಬರುವುದು ಡಿಸೆಂಬರ್, ಜನವರಿಯಲ್ಲಿ. ಹಾಗಾಗಿ ಮಿಲ್‌ಗಳಲ್ಲಿ ಕೆಲಸ ಜೋರಾಗಿರುವ ತಿಂಗಳುಗಳು ನೇರ ಬೇಸಿಗೆಗೇ ಬಂದು ಮುಟ್ಟುತ್ತವೆ. ತೊಗರಿಗೆ ಎಣ್ಣೆ, ನೀರು ಹಚ್ಚಿ ಅಂಗಳದಲ್ಲಿ ಒಣಗಿಸಬೇಕು. ಒಣಗಿಸಲು ಬಿಸಿಲು ಬೇಕೇ ಬೇಕು. ಕಾಳಿಗೆ ಬೇಕಾದ ಬಿಸಿಲೇ ಮನುಷ್ಯನನ್ನು ಬೀಳಿಸುತ್ತದೆ.

ಮೊದಲು ಒಂದು ಥರ್ಮಾಮೀಟರ್ ತಂದು ತೂಗುಹಾಕಿ. ಗೋಡೆಗೆ ಹಾಕುವ ಸಾದಾ ಥರ್ಮಾಮೀಟರ್ ಸಾಕು. ಟಿವಿಯಲ್ಲಿ ಹೇಳುವುದು ಊರಿನ ನೆರಳಿನ ಲೆಕ್ಕ, ನಿಮ್ಮ ಶೆಡ್ಡಿನ ಲೆಕ್ಕ ಅಲ್ಲ. ಟಿವಿಯಲ್ಲಿ 42 ಅಂತ ಹೇಳಿದ ಒಂದು ದಿನ ನಮ್ಮ ಪತ್ರಾಸಿನ (ತಗಡಿನ ಮಾಡಿನ) ಕೆಳಗೆ ಮಧ್ಯಾಹ್ನ ಮೂರು ಗಂಟೆಗೆ 46 ತೋರಿಸಿತ್ತು. ನಮ್ಮ ಸಾವಕಾರರನ್ನು ಕರೆದು ತೋರಿಸಿದೆ. ಅವತ್ತಿನಿಂದ ಮಾತು ಸಲೀಸಾಯಿತು. "ಬಾಳ ಸೆಖಿ ಅದರಿ" ಅಂತ ಹತ್ತು ವರ್ಷ ಹೇಳಿದರೂ ಆಗದಿದ್ದದ್ದು ಆ ಮುಳ್ಳಿನಿಂದ ಆಯಿತು.

ಇನ್ನೊಂದು ಗಮನಿಸಿ. ಹೊತ್ತು ನೆತ್ತಿಗೆ ಬಂದಾಗ ಹೆಚ್ಚು ಬಿಸಿ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ನೆಲ, ಗೋಡೆ, ತಗಡು ಕಾದು ಗಾಳಿ ಪೂರ್ತಿ ಬಿಸಿಯಾಗುವ ಹೊತ್ತಿಗೆ ಎರಡೂವರೆ, ಮೂರು ಆಗಿರುತ್ತದೆ. ಹನ್ನೆರಡಕ್ಕೆ ಊಟಕ್ಕೆ ಬಿಟ್ಟು ಒಂದು ಗಂಟೆಗೆ ಮತ್ತೆ ಕೆಲಸಕ್ಕೆ ಹಚ್ಚಿದರೆ ದಿನದ ಅತಿ ಕೆಟ್ಟ ಹೊತ್ತಿಗೆ ಸರಿಯಾಗಿ ಜನರನ್ನು ನಿಲ್ಲಿಸಿದ ಹಾಗೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳ ಸಮಯವನ್ನು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಫ್ಯಾನಿನ ಕೆಳಗೆ ಕೂತು ಬರೆಯುವವರಿಗೇ ಇದು ಬೇಕು ಅಂದರೆ, ಚೀಲ ಹೊರುವವರಿಗೆ ಬೇಡವಾ?

ನಾವು ಈಗ ಹೀಗೆ ಮಾಡುತ್ತೇವೆ. ಅಂಗಳದಲ್ಲಿ ಕಾಳು ಹರವುವುದು ಬೆಳಿಗ್ಗೆ ಆರಕ್ಕೆ ಶುರು. ಹರವಿದ ಮೇಲೆ ಕಾಳು ತಾನೇ ಒಣಗುತ್ತದೆ. ನಡುನಡುವೆ ಮಗುಚಬೇಕು, ಅಷ್ಟೇ. ಅದನ್ನು ಹತ್ತೂವರೆ ಒಳಗೆ ಎರಡು ಸಲ, ಸಂಜೆ ನಾಲ್ಕೂವರೆ ಮೇಲೆ ಒಂದು ಸಲ ಮಾಡುತ್ತೇವೆ. ನಡುವೆ ಮಗುಚಲೇಬೇಕಾಗಿ ಬಂದರೆ ಇಬ್ಬರು ಹೋಗುತ್ತಾರೆ, ಹತ್ತು ನಿಮಿಷಕ್ಕೆ ವಾಪಸ್ ಬರುತ್ತಾರೆ. ಒಬ್ಬರನ್ನೇ ಕಳಿಸುವುದಿಲ್ಲ. ಬಿದ್ದರೆ ನೋಡುವವರು ಬೇಕಲ್ಲ.

ಲಾರಿಯದ್ದು ದೊಡ್ಡ ತಲೆನೋವು. ಗಂಜ್‌ನಿಂದ (ಕಾಳಿನ ಮಾರುಕಟ್ಟೆಯಿಂದ) ಮಧ್ಯಾಹ್ನ ಎರಡಕ್ಕೆ ಲಾರಿ ಬಂದು ನಿಂತರೆ ಡ್ರೈವರ್‌ಗೆ ಅವಸರ, ದಲಾಲರ ಫೋನ್ ಮೇಲೆ ಫೋನ್. ಇದಕ್ಕೆ ಆ ಹೊತ್ತಿನಲ್ಲಿ ಜಗಳ ಮಾಡಿ ಉಪಯೋಗ ಇಲ್ಲ. ಮಾರ್ಚ್‌ನಲ್ಲೇ ಹೇಳಿಬಿಡಬೇಕು: ಈ ಎರಡು ತಿಂಗಳು ಹನ್ನೆರಡರಿಂದ ನಾಲ್ಕರವರೆಗೆ ನಮ್ಮಲ್ಲಿ ಲೋಡಿಂಗ್ ಇಲ್ಲ, ಬೆಳಿಗ್ಗೆ ಆರಕ್ಕೆ ಬನ್ನಿ, ಇಲ್ಲ ಸಂಜೆ ಬನ್ನಿ. ಮೊದಲ ವರ್ಷ ಗೊಣಗಿದರು. ಎರಡನೇ ವರ್ಷ ತಾವೇ ಕೇಳಿಕೊಂಡು ಬಂದರು.

ಈಗ ನೀರಿನ ವಿಷಯ. ಇದನ್ನೇ ಹೇಳಬೇಕು ಅಂತ ನಾನು ಬರೆಯಲು ಕೂತದ್ದು.

ನೀರು ಇಟ್ಟಿದ್ದೇವೆ, ಅವರೇ ಕುಡಿಯಲ್ಲ ಅಂತ ಮಾಲೀಕರು ಹೇಳುತ್ತಾರೆ. ನಿಜ, ಕುಡಿಯುವುದಿಲ್ಲ. ಯಾಕೆ ಕುಡಿಯುವುದಿಲ್ಲ ಅಂತ ಕೇಳಿದ್ದೀರಾ? ನಾನು ಮೊದಲು ಕೆಲಸ ಮಾಡಿದ ಮಿಲ್‌ನಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಬೆಳಿಗ್ಗೆ ಮನೆಯಿಂದ ಹೊರಟರೆ ಸಂಜೆ ಮನೆಗೆ ಹೋದ ಮೇಲೆಯೇ. ಹಾಗಾಗಿ ನಾನೂ ಕುಡಿಯುತ್ತಿರಲಿಲ್ಲ. ಬಾಯಿ ಒಣಗಿದರೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗುಳುತ್ತಿದ್ದೆ. ಎರಡು ಸಲ ಉರಿಮೂತ್ರ ಆಗಿ ಜ್ವರ ಬಂದು ಮಲಗಿದೆ. ನನ್ನ ಪಕ್ಕ ಕೂರುತ್ತಿದ್ದ ಅಕ್ಕನಿಗೆ ನೀರು ಕುಡಿ ಅಂದರೆ, "ಕುಡದು ಎಲ್ಲಿಗಿ ಹೋಗಲವ್ವಾ?" ಅಂತಿದ್ದಳು. ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದ್ದರಿಂದ ನೀರಿನ ವ್ಯವಸ್ಥೆ ಶೌಚಾಲಯದಿಂದ ಶುರುವಾಗಬೇಕು. ಒಳಗಿನಿಂದ ಚಿಲಕ ಹಾಕುವ ಬಾಗಿಲು, ಬಕೆಟ್‌ನಲ್ಲಿ ನೀರು, ಹೆಂಗಸರಿಗೆ ಬೇರೆಯದು. 1948ರ ಕಾರ್ಖಾನೆ ಕಾಯ್ದೆಯಲ್ಲೇ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಇರಬೇಕು ಅಂತ ಬರೆದಿತ್ತು. ಹೊಸದೇನೂ ಕೇಳುತ್ತಿಲ್ಲ. ಇದು ಆಗದೆ ಎಷ್ಟು ಹರವಿ (ನೀರಿನ ಮಣ್ಣಿನ ಗಡಿಗೆ) ತುಂಬಿಸಿ ಇಟ್ಟರೂ ಹೆಂಗಸರು ಕುಡಿಯುವುದಿಲ್ಲ.

ಹಮಾಲರ ಕಾರಣ ಬೇರೆ. ಅವರಿಗೆ ಕೂಲಿ ಚೀಲದ ಲೆಕ್ಕದಲ್ಲಿ. ನೀರು ಕುಡಿಯಲು ನಿಂತರೆ, ನೆರಳಿಗೆ ಕೂತರೆ, ಅಷ್ಟು ಚೀಲ ಕಡಿಮೆ. "ವಿಶ್ರಾಂತಿ ತಗೊಳ್ಳಿ" ಅಂತ ಗೋಡೆ ಮೇಲೆ ಬರೆದರೆ ಅವರ ಪಾಲಿಗೆ ಅದು "ಕೂಲಿ ಬಿಡಿ" ಅಂತ ಬರೆದ ಹಾಗೆ. ನಮ್ಮಲ್ಲಿ ಎರಡು ಬದಲಾವಣೆ ಮಾಡಿದೆವು. ಬೇಸಿಗೆಯ ಎರಡು ತಿಂಗಳು ಚೀಲಕ್ಕೆ ಒಂದು ರೂಪಾಯಿ ಜಾಸ್ತಿ. ಮತ್ತೆ, ಗಂಟೆಗೊಮ್ಮೆ ನಾನು ಗಂಟೆ ಬಾರಿಸುತ್ತೇನೆ, ಇಡೀ ಗುಂಪು ಒಟ್ಟಿಗೆ ಹತ್ತು ನಿಮಿಷ ಕೂರಬೇಕು. ಶೆಡ್ಡಿನಲ್ಲಿ 40 ದಾಟಿದರೆ ಇಪ್ಪತ್ತು ನಿಮಿಷ. ಎಲ್ಲರೂ ಒಟ್ಟಿಗೆ ಕೂತಾಗ ಯಾರೂ ಹಿಂದೆ ಬೀಳುವುದಿಲ್ಲ, ಯಾರಿಗೂ ಸೋಮಾರಿ ಅನ್ನಿಸಿಕೊಳ್ಳುವ ಭಯ ಇರುವುದಿಲ್ಲ.

ಎಷ್ಟು ಕುಡಿಯಬೇಕು? ಬಿಸಿಲಲ್ಲಿ ದುಡಿಯುವವರು ಹದಿನೈದು, ಇಪ್ಪತ್ತು ನಿಮಿಷಕ್ಕೆ ಒಂದು ಲೋಟ. ಬಾಯಾರಿಕೆ ಆಗುವವರೆಗೆ ಕಾಯಬಾರದು. ಒಂದೇ ಸಲಕ್ಕೆ ಚೊಂಬುಗಟ್ಟಲೆ ಸುರಿದುಕೊಳ್ಳುವುದೂ ಬೇಡ. ಗಂಟೆಗೆ ಒಂದೂವರೆ ಲೀಟರ್ ಮೀರಿದರೆ ರಕ್ತದಲ್ಲಿ ಉಪ್ಪಿನಂಶ ತೆಳುವಾಗಿ ಅದೇ ತೊಂದರೆ ಕೊಡಬಹುದು. ಮೂತ್ರ ತಿಳಿ ಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ಇದನ್ನು ಹೆಂಗಸರಿಗೆ ನಾನು ನಾಚಿಕೆ ಬಿಟ್ಟು ಹೇಳುತ್ತೇನೆ.

ಹರವಿ ದೂರ ಇದ್ದರೆ ಯಾರೂ ಎದ್ದು ಹೋಗಲ್ಲ. ಕೆಲಸದ ಪಕ್ಕದಲ್ಲೇ, ನೆರಳಿನಲ್ಲಿ ಇಡಿ. ಸುತ್ತ ಒದ್ದೆ ಗೋಣಿಚೀಲ ಸುತ್ತಿ, ಕೆಳಗೆ ಮರಳು ಹಾಕಿ. ಫ್ರಿಜ್ಜಿಗಿಂತ ಹಿತವಾಗಿ ತಂಪಾಗುತ್ತದೆ. ಹತ್ತು ಗಂಟೆಗೆ ನಾವು ಉಪ್ಪು ಹಾಕಿದ ಮಜ್ಜಿಗೆ ಕೊಡುತ್ತೇವೆ, ಕೆಲವು ದಿನ ಜೋಳದ ಅಂಬಲಿ. ಬೆವರಿನಲ್ಲಿ ಹೋದ ಉಪ್ಪು ಇದರಿಂದ ವಾಪಸ್ ಬರುತ್ತದೆ. ಸರಿಯಾಗಿ ಊಟ ಮಾಡುವವರಿಗೆ ಉಪ್ಪಿನ ಮಾತ್ರೆ ಬೇಕಿಲ್ಲ. ಓಆರ್‌ಎಸ್ ಪುಡಿ ಇಟ್ಟುಕೊಂಡಿರಿ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಿ, ಲೋಟಕ್ಕೆ ಅಂದಾಜಿನಲ್ಲಿ ಹಾಕಬೇಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗುಡ್ಡೆ ಇರಬಾರದು, ಸಮ ಇರಬೇಕು. ಚಹಾ ಬಿಡಿ ಅಂತ ನಾನು ಯಾರಿಗೂ ಹೇಳಲ್ಲ. ಒಂದೆರಡು ಕಪ್ಪಿನಿಂದ ಏನೂ ಆಗುವುದಿಲ್ಲ. ಆದರೆ ಹಿಂದಿನ ರಾತ್ರಿ ಸೆರೆ ಕುಡಿದು ಬಂದವರನ್ನು ಅಂಗಳಕ್ಕೆ ಕಳಿಸುವುದಿಲ್ಲ.

ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಝಳ ಬಡಿಯಲ್ಲ ಅಂತ ನಮ್ಮ ಕಡೆ ನಂಬುತ್ತಾರೆ. ಇಟ್ಟುಕೊಳ್ಳಲಿ, ಬೇಡ ಅನ್ನಲ್ಲ. ರೊಟ್ಟಿ ಜೊತೆ ತಿಂದರೆ ಇನ್ನೂ ಒಳ್ಳೆಯದು. ಆದರೆ ಅದನ್ನು ನಂಬಿ ನೀರು, ನೆರಳು ಬಿಡಬಾರದು.

ಶೆಡ್ಡನ್ನು ತಂಪು ಮಾಡುವುದು ದಾಲ್ ಮಿಲ್‌ನಲ್ಲಿ ಕಷ್ಟ. ಬೇರೆ ಕಡೆ ನೀರು ಚಿಮುಕಿಸಬಹುದು, ಕೂಲರ್ ಇಡಬಹುದು. ಬೇಳೆಗೆ ತೇವ ತಾಗಿದರೆ ಮಾಲು ಕೆಡುತ್ತದೆ. ಅದಕ್ಕೆ ನಾವು ಮೇಲಿನಿಂದ ಶುರು ಮಾಡಿದೆವು. ಮಾರ್ಚ್ ಕೊನೆಯಲ್ಲಿ ಪತ್ರಾಸಿನ ಮೇಲೆ ಸುಣ್ಣ ಬಳಿಸುತ್ತೇವೆ, ಅಂಟು ಬೆರೆಸಿ, ಎರಡು ಕೈ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ಬಳಿಸಿದ ಮೊದಲ ವರ್ಷ ಶೆಡ್ಡಿನಲ್ಲಿ ಮೂರು ಡಿಗ್ರಿ ಕಡಿಮೆ ಕಂಡಿತು. ಬಳಿಯುವವರನ್ನು ಬೆಳಗಿನ ಹೊತ್ತೇ ಹತ್ತಿಸಿ. ಸಿಮೆಂಟ್ ಶೀಟ್ ಇದ್ದರೆ ಹಲಗೆ ಹಾಕದೆ ಕಾಲಿಡಬಾರದು, ಮುರಿದು ಕೆಳಗೆ ಬೀಳುತ್ತಾರೆ. ದುಡ್ಡು ಇದ್ದರೆ ಮಾಡಿನ ಮೇಲೆ ತಿರುಗುವ ಟರ್ಬೋ ವೆಂಟಿಲೇಟರ್ ಹಾಕಿಸಿ. ಕರೆಂಟ್ ಬೇಡ, ಗಾಳಿಗೇ ತಿರುಗಿ ಮೇಲೆ ನಿಂತ ಬಿಸಿಯನ್ನು ಹೊರಗೆ ಎಳೆಯುತ್ತದೆ.

ಕೂಲರ್ ಅನ್ನು ನಾವು ವಿಶ್ರಾಂತಿ ಕೋಣೆಗೆ ಇಟ್ಟಿದ್ದೇವೆ. ಕೂಲರ್ ಹಾಕಿ ಎಲ್ಲ ಕಿಟಕಿ ಮುಚ್ಚುವ ತಪ್ಪು ತುಂಬಾ ಜನ ಮಾಡುತ್ತಾರೆ. ಒದ್ದೆ ಗಾಳಿ ಹೊರಗೆ ಹೋಗಲು ಎದುರಿನ ಕಿಟಕಿ ತೆರೆದಿರಬೇಕು. ಇಲ್ಲದಿದ್ದರೆ ಕೋಣೆ ಬರೀ ಜಿಗಿಜಿಗಿ ಆಗುತ್ತದೆ. ಇದು ನಮ್ಮ ಒಣ ಸೆಖೆಗೆ ಹೇಳಿದ ಮಾತು. ಮಂಗಳೂರು ಕಡೆ 34 ಡಿಗ್ರಿಯಲ್ಲೂ ಬೆವರು ಒಣಗಲ್ಲ, ಅಲ್ಲಿ ಕೂಲರ್ ಕೆಲಸ ಮಾಡಲ್ಲ. ಫ್ಯಾನ್, ಗಾಳಿ ಓಡಾಟ, ವಿಶ್ರಾಂತಿಯೇ ದಾರಿ. ನಮ್ಮಲ್ಲೂ 40 ದಾಟಿದಾಗ ಬರೀ ಫ್ಯಾನ್ ಬಿಸಿಗಾಳಿಯನ್ನೇ ಮೈಮೇಲೆ ತಳ್ಳುತ್ತದೆ. ಕತ್ತಿಗೆ, ಕೈಗೆ ಒದ್ದೆ ಟವೆಲ್ ಒತ್ತಿಕೊಂಡು ಕೂತರೆ ಆಗ ಅದೇ ಫ್ಯಾನ್ ತಂಪು ಕೊಡುತ್ತದೆ.

ಹೊಸಬರ ಬಗ್ಗೆ ವಿಶೇಷ ಎಚ್ಚರ ಬೇಕು. ಮೈ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಬಿಸಿಲು ಬಡಿದು ಬೀಳುವವರಲ್ಲಿ ಮೊದಲ ಕೆಲವು ದಿನಗಳಲ್ಲೇ ಬೀಳುವವರು ಹೆಚ್ಚು. ಹೊಸ ಹುಡುಗ ತನ್ನ ತಾಕತ್ತು ತೋರಿಸಲು ಹೋಗುತ್ತಾನೆ, ಹಳಬರೂ ಹುರಿದುಂಬಿಸುತ್ತಾರೆ. ಮೊದಲ ದಿನ ಐದರಲ್ಲಿ ಒಂದು ಪಾಲು ಹೊತ್ತು ಮಾತ್ರ ಬಿಸಿಲಿನ ಕೆಲಸ ಕೊಡಿ, ಉಳಿದದ್ದು ನೆರಳಿನದು. ದಿನಕ್ಕೆ ಒಂದೊಂದು ಪಾಲು ಏರಿಸುತ್ತಾ ಹೋಗಿ. ಊರಿನ ಜಾತ್ರೆ, ಮದುವೆ ಅಂತ ಹದಿನೈದು ದಿನ ರಜೆ ಹೋಗಿ ಬಂದ ಹಳಬರಿಗೂ ಮೊದಲ ದಿನ ಅರ್ಧ ಕೆಲಸವೇ. ಬಿಪಿ ಮಾತ್ರೆ ತಗೊಳ್ಳುವವರು ಯಾರು, ಸಕ್ಕರೆ ಕಾಯಿಲೆ ಯಾರಿಗಿದೆ, ಬಸುರಿ ಯಾರು ಅಂತ ತಿಳಿದುಕೊಂಡಿರಿ. ಕೆಲವು ಬಿಪಿ ಮಾತ್ರೆಗಳು ಮೈಯ ನೀರು ಇಳಿಸುತ್ತವೆ. ಆದರೆ ಇದನ್ನು ಹೇಳಿದರೆ ಕೆಲಸ ಹೋಗುತ್ತದೆ ಅನ್ನುವ ಭಯ ಇದ್ದರೆ ಯಾರೂ ಹೇಳಲ್ಲ. ಹೇಳಿದವರಿಗೆ ಅದೇ ಕೂಲಿಯಲ್ಲಿ ನೆರಳಿನ ಕೆಲಸ ಕೊಡಿ. ಆಗ ಉಳಿದವರೂ ಹೇಳುತ್ತಾರೆ.

ಯಾರಾದರೂ ಬಿದ್ದರೆ ಏನು ಮಾಡಬೇಕು ಅನ್ನುವುದನ್ನು ನಾನು ತಪ್ಪು ಮಾಡಿ ಕಲಿತೆ. ಏಳು ವರ್ಷದ ಹಿಂದೆ ನಮ್ಮ ಹಮಾಲರಲ್ಲಿ ಒಬ್ಬ ಕಾಕಾ ಮಧ್ಯಾಹ್ನ ಮೂರಕ್ಕೆ ಚೀಲ ಎಣಿಸುವಾಗ ಲೆಕ್ಕ ತಪ್ಪಿದರು. ಕೇಳಿದ್ದಕ್ಕೆ ಏನೇನೋ ಮಾತಾಡಿದರು, ನನ್ನನ್ನು ಬೇರೆ ಯಾರದೋ ಹೆಸರಿನಿಂದ ಕರೆದರು. ಮೈ ಕೆಂಡದ ಹಾಗೆ. ಆದರೂ ಬೆವರುತ್ತಿದ್ದರು. ಬೆವರು ಇದೆಯಲ್ಲ, ಏನಾಗಲ್ಲ ಅಂತ ನಾನು ಅಂದುಕೊಂಡೆ. ಅದೇ ತಪ್ಪು. ದುಡಿಯುವವರಿಗೆ ಬಿಸಿಲು ಬಡಿದಾಗ ಬೆವರು ಇರಬಹುದು. ಮಾತು ತಪ್ಪುವುದು, ತೂರಾಡುವುದು, ಎಚ್ಚರ ತಪ್ಪುವುದು, ಫಿಟ್ಸ್ ಬರುವುದು, ಇವೇ ಗುರುತು. ಹತ್ತು ನಿಮಿಷ ಗಾಳಿ ಬೀಸುತ್ತಾ ಕೂತೆವು. ಆ ಹತ್ತು ನಿಮಿಷ ನನಗೆ ಇವತ್ತಿಗೂ ನೆನಪಾಗುತ್ತದೆ.

ಹಾಗಾದಾಗ ಒಬ್ಬರು 108ಕ್ಕೆ ಫೋನ್ ಮಾಡಲಿ, ಉಳಿದವರು ಅದೇ ಕ್ಷಣ ತಂಪು ಮಾಡಲು ಶುರು ಮಾಡಲಿ. ನೆರಳಿಗೆ ತನ್ನಿ, ಅಂಗಿ ಬಿಚ್ಚಿ, ಮೈಯೆಲ್ಲ ನೀರು ಸುರಿಯಿರಿ, ಫ್ಯಾನ್ ಹಚ್ಚಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕತ್ತು, ಕಂಕುಳು, ತೊಡೆ ಸಂದಿಗೆ ಇಡಿ. ಅಂಬುಲೆನ್ಸ್ ಬರುವವರೆಗೆ ನೀರು ನಿಲ್ಲಿಸಬೇಡಿ. ಪೂರ್ತಿ ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಾಗಿ ಮಲಗಿಸಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಬರೀ ತಲೆನೋವು, ವಾಕರಿಕೆ, ಸ್ನಾಯು ಹಿಡಿಯುವುದು ಇದ್ದು ಮಾತು ಸರಿ ಇದ್ದರೆ ನೆರಳಲ್ಲಿ ಮಲಗಿಸಿ, ಓಆರ್‌ಎಸ್ ಸ್ವಲ್ಪ ಸ್ವಲ್ಪ ಕೊಡಿ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸುಧಾರಿಸಿದರೂ ಅವತ್ತು ಮತ್ತೆ ಕೆಲಸಕ್ಕೆ ಬೇಡ.

ಕಾಕಾ ಬದುಕಿ ಬಂದರು. ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಒಮ್ಮೆ ಹೀಗಾದವರಿಗೆ ಮತ್ತೆ ಬಿಸಿಲು ತಾಳುವ ಶಕ್ತಿ ಕಡಿಮೆ ಆಗಿರಬಹುದು ಅಂತ ಡಾಕ್ಟರ್ ಹೇಳಿದರು. ಅದಕ್ಕೆ ಬೇಸಿಗೆಯಲ್ಲಿ ಅವರು ಚೀಲ ಹೊರುವುದಿಲ್ಲ, ಒಳಗೆ ಕೂತು ಚೀಲದ ಬಾಯಿ ಹೊಲಿಯುತ್ತಾರೆ. ಕೂಲಿ ಅಷ್ಟೇ ಕೊಡುತ್ತೇವೆ. ನಾನು ಲೆಕ್ಕದಲ್ಲಿ ಮುಳುಗಿ ಗಂಟೆ ಬಾರಿಸುವುದು ಮರೆತರೆ ಅವರೇ ಎದ್ದು ಹೋಗಿ ಬಾರಿಸುತ್ತಾರೆ.