ದಿನ ಗೊತ್ತಿದ್ದ ಸಿಜೇರಿಯನ್: ಮನೆಯವರನ್ನೂ ತಯಾರು ಮಾಡಿಕೊಂಡೆ

ನನ್ನ ಮೊದಲ ಹೆರಿಗೆಯೂ ಸಿಜೇರಿಯನ್ನೇ. ಅದು ಬ್ಯಾನಿ ತಿಂದು ತಿಂದು ಕೊನೆಗೆ ಗಡಿಬಿಡಿಯಲ್ಲಿ ಆದದ್ದು. ಎರಡನೇ ಸಲ ಮಗು ಕುಂಡಿ ಕೆಳಗಾಗಿ ಕೂತಿತ್ತು, ತಿರುಗಲೇ ಇಲ್ಲ. ಹಳೆಯ ಹೊಲಿಗೆ ಬೇರೆ ಇತ್ತಲ್ಲ, ಹಾಗಾಗಿ ದಿನ ಗೊತ್ತು ಮಾಡಿಯೇ ಆಪರೇಷನ್ ಮಾಡೋಣ ಅಂತ ಡಾಕ್ಟರ್ ಹೇಳಿದರು. ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ, ತವರು ಇಳಕಲ್. ದಿನ ಮೊದಲೇ ಗೊತ್ತಿದ್ದರೆ ಒಂದು ದೊಡ್ಡ ಅನುಕೂಲ ಇದೆ. ಬಾಣಂತನದಲ್ಲಿ ಬರುವ ವಾದಗಳನ್ನೆಲ್ಲ ಹೆರಿಗೆಗೆ ಮುಂಚೆಯೇ ಮುಗಿಸಿಕೊಳ್ಳಬಹುದು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದಾಗ ವಾದ ಮಾಡುವ ಶಕ್ತಿ ಯಾರಿಗಿರುತ್ತದೆ?

ಮೊದಲು ಬಂದದ್ದು ಮುಹೂರ್ತದ ಮಾತು. ಅತ್ತಿಯವರು ಪಂಚಾಂಗ ನೋಡಿಸಿ, ಒಂದು ವಾರ ಮುಂಚಿನ ದಿನ ಭಾಳ ಚಲೋ ಇದೆ ಅಂದರು. ಆದರೆ ಬೇರೆ ತೊಂದರೆ ಇಲ್ಲದಿದ್ದರೆ 39 ವಾರ ತುಂಬುವವರೆಗೆ ಕಾಯುವುದೇ ಒಳ್ಳೆಯದು. ಅದಕ್ಕೆ ಮುಂಚೆ ತೆಗೆದರೆ ಮಗುವಿಗೆ ಉಸಿರಾಟದ ತೊಂದರೆ ಬರುವ ಸಂಭವ ಜಾಸ್ತಿ. ಡಾಕ್ಟರ್ ಅತ್ತಿಯವರಿಗೆ ಸಮಾಧಾನವಾಗಿ ಹೇಳಿದರು, "39 ತುಂಬಿದ ಮ್ಯಾಲೆ ಇಷ್ಟು ದಿನ ಅದಾವರೀ, ಇದ್ರಾಗ ನಿಮಗ ಬೇಕಾದ್ದು ಆರಿಸ್ರಿ." ಅಮಾವಾಸ್ಯೆ ಬಿಟ್ಟು ಒಂದು ದಿನ ಆರಿಸಿದರು. ಎಲ್ಲರಿಗೂ ನೆಮ್ಮದಿಯಾಯಿತು.

ನನಗೆ ರಕ್ತ ಕಡಿಮೆ ಇತ್ತು. ಬಸುರಿಗೆ ಹಿಮೋಗ್ಲೋಬಿನ್ 11 ಆದರೂ ಇರಬೇಕು. ಆಪರೇಷನ್ನಿನಲ್ಲಿ ರಕ್ತ ಹೋಗುವುದು ಇದ್ದೇ ಇದೆ. ಕಬ್ಬಿಣದ ಮಾತ್ರೆಯನ್ನು ಚಾ ಜೊತೆ ನುಂಗಬೇಡ, ಲಿಂಬು ನೀರಿನ ಜೊತೆ ತಗೋ ಅಂತ ಆಶಾ ಕಾರ್ಯಕರ್ತೆ ಹೇಳಿಕೊಟ್ಟರು. ಜೊತೆಗೆ ಚಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನನ್ನ ಗುಂಪಿನ ರಕ್ತ ಕೊಡುವವರನ್ನೂ ನಮ್ಮವರು ಮಾತಾಡಿಸಿ ಇಟ್ಟಿದ್ದರು.

ಮುಂದೆ ಮಕ್ಕಳು ಬೇಕೋ ಬೇಡವೋ ಅನ್ನುವುದನ್ನೂ ಗಂಡ ಹೆಂಡತಿ ಇಬ್ಬರೇ ಕೂತು ಮೊದಲೇ ತೀರ್ಮಾನ ಮಾಡಿದೆವು. ಎರಡನೇ ಸಿಜೇರಿಯನ್ ಅಂದ ಕೂಡಲೇ "ಕೂಡೇ ಆ ಆಪರೇಷನ್ನೂ ಮಾಡಿಸಿಬಿಡ್ರಿ" ಅನ್ನುವವರು ಸುತ್ತಲೂ ಇರುತ್ತಾರೆ. ಆಪರೇಷನ್ ವೇಳೆಯಲ್ಲೇ ಕಾಪರ್-ಟಿ ಹಾಕಬಹುದು ಅಂತ ಕೇಳಿ ತಿಳಿದುಕೊಂಡು ಅದಕ್ಕೇ ಒಪ್ಪಿದೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅವ್ವನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದದ್ದು. ನಮ್ಮ ಕಡೆ ಬಾಣಂತಿಗೆ ನೀರು ಕೊಡಲು ಹಿಂದೆಮುಂದೆ ನೋಡುತ್ತಾರೆ. "ನೀರ ಕುಡದ್ರ ಹೊಟ್ಟಿ ಬರ್ತೈತಿ" ಅಂತ ಅವ್ವನದೂ ಅದೇ ಮಾತು. ನಾನು ಹೇಳಿದ್ದರೆ ಕೇಳುತ್ತಿರಲಿಲ್ಲ. ಡಾಕ್ಟರ್ ಹೇಳಿದರು: "ಅಮ್ಮಾ, ನೀರ ಕಡಿಮಿ ಆದ್ರ ಸಂಡಾಸ ಗಟ್ಟಿ ಆಗತೈತಿ. ಮುಕ್ಕಿದ್ರ ಹೊಲಿಗಿ ನೋವ ಆಗತಾವ. ಹಾಲು ಕುಡಿಸಾಕಿಗೆ ನೀರಡಿಕಿ ಜಾಸ್ತಿ." ಅವತ್ತಿನಿಂದ ನೀರಿನ ತಂಬಿಗೆ ತುಂಬಿಡುವ ಕೆಲಸ ಅವ್ವನದೇ ಆಯಿತು.

ಆಪರೇಷನ್ನಿಗೆ 6 ತಾಸು ಮುಂಚೆಯೇ ಊಟ ಬಂದ್. ಬರೀ ನೀರು 2 ತಾಸು ಮುಂಚಿನವರೆಗೆ ನಡೆಯುತ್ತದೆ. ಹಾಲು ಹಾಕಿದ ಚಾ ಊಟದ ಲೆಕ್ಕ, ಇದನ್ನು ಮನೆಯವರಿಗೆ ಒತ್ತಿ ಹೇಳಬೇಕು. ಬೆನ್ನು ಬಗ್ಗಿಸಿ ಕೂರಿಸಿ ಸೂಜಿ ಕೊಟ್ಟರು. ಕಾಲು ಬೆಚ್ಚಗಾಗಿ ಭಾರವಾದವು. ನೋವಿಲ್ಲ, ಆದರೆ ಒಳಗೆ ಜಗ್ಗುವುದು ಗೊತ್ತಾಗುತ್ತದೆ. ಮೈ ಗಡಗಡ ನಡುಗಿತು. ಅದು ಸಹಜ ಅಂತ ಮೊದಲೇ ಕೇಳಿದ್ದರಿಂದ ಹೆದರಲಿಲ್ಲ. ಮಗಳನ್ನು ಎದೆಯ ಮೇಲೆ ಇಟ್ಟರು.

ಇನ್ನು ಎದ್ದು ನಡೆಯುವುದು. ಇದೇ ನಿಜವಾದ ಕೆಲಸ. ಮಲಗೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ, ಅದಕ್ಕೆ ಬೇಗ ಎಬ್ಬಿಸುತ್ತಾರೆ. ನೆಟ್ಟಗೆ ಏಳಲು ಹೋಗಬಾರದು. ಸಿಸ್ಟರ್ ಹೀಗೆ ಕಲಿಸಿದರು: ಮೊಣಕಾಲು ಮಡಚು, ಇಡೀ ಮೈಯನ್ನು ಒಂದೇ ಸಲ ಮಗ್ಗುಲಿಗೆ ಹೊರಳಿಸು, ಕಾಲು ಮಂಚದಿಂದ ಕೆಳಗೆ ಬಿಡು, ಮೊಣಕೈ ಊರಿ ಮೇಲೇಳು. ಸ್ವಲ್ಪ ಹೊತ್ತು ಅಂಚಿನಲ್ಲಿ ಕೂತು, ತಲೆ ತಿರುಗದಿದ್ದರೆ ನಿಲ್ಲು. ಮೊದಲ ಸಲ ನಾಲ್ಕು ಹೆಜ್ಜೆಗೆ ಕಣ್ಣಲ್ಲಿ ನೀರು ಬಂತು. ಸಂಜೆಗೆ ಬಾಗಿಲವರೆಗೆ ಹೋಗಿಬಂದೆ. ಕೆಮ್ಮು, ಸೀನು ಬಂದರೆ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿಯುತ್ತಿದ್ದೆ. ಅದೇ ದಿಂಬು ಮನೆಗೆ ಬರುವಾಗ, ರೋಡಿನ ಹಂಪುಗಳಿಗೂ ಕೆಲಸಕ್ಕೆ ಬಂತು. ನೋವಿನ ಮಾತ್ರೆಯನ್ನು ನೋವು ಏರುವವರೆಗೆ ಕಾಯದೆ ವೇಳೆಗೆ ಸರಿಯಾಗಿ ತಗೊಂಡೆ. ಪ್ಯಾರಸಿಟಮಾಲ್ ತಗೊಂಡರೂ ಹಾಲು ಕುಡಿಸಬಹುದು.

ಹಾಲು ಇಳಿಯುವುದು ಸಿಜೇರಿಯನ್ ಆದವರಿಗೆ ಒಂದಿಷ್ಟು ತಡವಾಗಬಹುದು. ಆಗಲೇ "ಜೇನುತುಪ್ಪ ನೆಕ್ಕಿಸ್ರಿ" ಅನ್ನುವವರು ಬರುತ್ತಾರೆ. ಬೇಡ. ಹಸುಗೂಸಿಗೆ ಜೇನು ಅಪಾಯ. ಮೊದಲ ಹಳದಿ ಹಾಲು ನಾಲ್ಕು ಹನಿ ಬಂದರೂ ಸಾಕು, ಮಗು ಚೀಪುತ್ತಿದ್ದರೆ ಹಾಲು ಬರುತ್ತದೆ. ಹೊಟ್ಟೆಯ ಮೇಲೆ ಭಾರ ಬೀಳದಂತೆ, ಕಂಕುಳಲ್ಲಿ ಗಂಟು ಹಿಡಿದ ಹಾಗೆ ಮಗುವನ್ನು ಪಕ್ಕಕ್ಕೆ ಹಿಡಿದು ಕುಡಿಸಿದೆ.

ಮನೆಗೆ ಬಂದ ಮೇಲೆ ಅವ್ವನ ಬಾಣಂತನದಲ್ಲಿ ಕೆಲವನ್ನು ಹಾಗೇ ಇಟ್ಟುಕೊಂಡೆವು, ಕೆಲವನ್ನು ಬಿಟ್ಟೆವು. ಸಬ್ಬಸಗಿ ಪಲ್ಯ, ಅಳ್ವಿ ಪಾಯಸ, ಬಿಸಿ ರೊಟ್ಟಿ, ಬೇಳೆ ಕಟ್ಟು ಎಲ್ಲ ಇತ್ತು. ಅಂಟಿನ ಉಂಡಿಯನ್ನು ಮಾತ್ರ ಹೊಟ್ಟೆ ಸರಿಯಾಗಿ ಸಾಗುವವರೆಗೆ ಮುಂದೂಡಿದೆವು. ಮಂಚದ ಕೆಳಗೆ ಕೆಂಡ ಇಡಲು ನಾನು ಒಪ್ಪಲಿಲ್ಲ. ನಮ್ಮ ಬಿಸಿಲಿಗೆ ಬೆವತು ಹೊಲಿಗೆ ಒದ್ದೆಯಾದರೆ ಕೀವಾಗಬಹುದು. ಕಾಯ್ದ ನೀರನ್ನು ಹೊಟ್ಟೆಗೆ ರಪರಪ ಹೊಡೆಯುವುದೂ ಬೇಡ ಅಂದೆ. ಉಗುರುಬೆಚ್ಚಗಿನ ನೀರು, ಆಮೇಲೆ ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಇಳಕಲ್ ಸೀರೆಯ ಮೆತ್ತಗಿನ ತುಂಡಿನಿಂದ ಒತ್ತಿ ಒರೆಸುವುದು, ಅಷ್ಟೇ. ಹೊಟ್ಟೆಯ ಮಡಿಕೆ ಗಾಯದ ಮೇಲೆ ಬೀಳುವ ಜಾಗವನ್ನು ಮರೆಯಬಾರದು, ತೇವ ನಿಲ್ಲುವುದು ಅಲ್ಲೇ. ಅರಿಷಿಣ, ಎಣ್ಣೆ ಯಾವುದನ್ನೂ ಹಚ್ಚಲಿಲ್ಲ. ಕುಕ್ಕರಗಾಲಲ್ಲಿ ಕೂರುವ ಸಂಡಾಸದ ಮೇಲೆ ಇಡುವ ಪ್ಲಾಸ್ಟಿಕ್ ಕುರ್ಚಿಯನ್ನು ನಮ್ಮವರು ಮೊದಲೇ ತಂದಿದ್ದರು. ಇದೊಂದು ಇಲ್ಲದಿದ್ದರೆ ನನಗೆ ಭಾಳ ಕಷ್ಟವಾಗುತ್ತಿತ್ತು.

6 ವಾರ ಮಗುವಿಗಿಂತ ಭಾರದ್ದು ಏನನ್ನೂ ಎತ್ತಬಾರದು. ಕೊಡ ಎತ್ತುವುದನ್ನು ಗಂಡ ನೋಡಿಕೊಂಡರು. ದೊಡ್ಡ ಮಗ "ಅವ್ವಾ, ಎತ್ಕೋ" ಅಂತ ಬಂದಾಗ ಏನು ಮಾಡುವುದು? ಅವನಿಗೆ ಮಂಚದ ಪಕ್ಕ ಒಂದು ಮಣೆ ಇಟ್ಟು, ತಾನೇ ಹತ್ತಿ ಬಂದು ತೊಡೆಯ ಪಕ್ಕ ಕೂರುವುದನ್ನು ಹೆರಿಗೆಗೆ ಮುಂಚೆಯೇ ರೂಢಿ ಮಾಡಿಸಿದ್ದೆ. ತಂಗಿ ಬಂದ ಮೇಲೆ ಶುರು ಮಾಡಿದ್ದರೆ ಅವನಿಗೆ ದೂರ ತಳ್ಳಿದ ಹಾಗೆ ಅನಿಸುತ್ತಿತ್ತು.

ಅಡುಗೆಮನೆ ಗೋಡೆಗೆ ಒಂದು ಚೀಟಿ ಅಂಟಿಸಿದ್ದೆ. ಜ್ವರ 100.4 ದಾಟಿದರೆ, ಹೊಲಿಗೆಯಿಂದ ಕೀವು ಇಲ್ಲವೇ ವಾಸನೆ ಬಂದರೆ, ಒಂದು ತಾಸಿನಲ್ಲೇ ಪ್ಯಾಡ್ ಪೂರ್ತಿ ತೊಯ್ದರೆ, ಒಂದೇ ಮೀನಖಂಡ ಬಾತು ನೋಯುತ್ತಿದ್ದರೆ, ಉಸಿರು ಕಟ್ಟಿದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ಕೂಡಲೇ ಆಸ್ಪತ್ರೆಗೆ. ಕೆಳಗೆ 108. ಎರಡು ವಾರ ಕಳೆದರೂ ಸುಮ್ನೆ ಅಳು ಬರುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು ಅಂತ ಬರೆದಿದ್ದೆ. ಅವ್ವ ಅದನ್ನು ಓದಿ, ದಿನಾ ಸಂಜೆ ನನ್ನ ಎರಡೂ ಮೀನಖಂಡ ಒತ್ತಿ ನೋಡುತ್ತಿದ್ದಳು.

6 ವಾರದ ತಪಾಸಣೆಯಲ್ಲಿ ಕಾಪರ್-ಟಿ ನೋಡಿ ಸರಿಯಿದೆ ಅಂದರು. ಹೊಲಿಗೆಯ ಸುತ್ತ ಜೋಮು ಹಿಡಿದಂತಿದೆ ಅಂದೆ, ಹೋಗಲು ತಿಂಗಳುಗಳೇ ಬೇಕಾಗುತ್ತವೆ ಅಂದರು. ಸ್ಕೂಟಿ ಯಾವಾಗ ಓಡಿಸಲಿ ಅಂತ ಕೇಳಿದೆ. ಜೋರಾಗಿ ಬ್ರೇಕ್ ಹಾಕಿದರೂ ಹೊಟ್ಟೆ ನೋಯದಷ್ಟು ಆದ ಮೇಲೆ ಅಂದರು.